ಸ್ಟೀಲರ್ಸ್ ಊರಿನಲ್ಲಿ ಕಾಲೇಜು ಫುಟ್‌ಬಾಲ್‌ಗೆ ಜನ ಸೇರಿಸಿದ್ದು

ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಸಣ್ಣ ಕಾಲೇಜಿನ ಫುಟ್‌ಬಾಲ್ (ಚೆಂಡು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್) ನೋಡಲು ಜನ ಬರುವುದಿಲ್ಲ ಎಂದು ನನಗೆ ಹೇಳದವರೇ ಇರಲಿಲ್ಲ. ನಮ್ಮ ಡೈರೆಕ್ಟರ್ ಹೇಳಿದರು. ಟಿಕೆಟ್ ಸಾಫ್ಟ್‌ವೇರ್ ಮಾರಲು ಬಂದವನು ಹೇಳಿದ. ಮೂವತ್ತು ವರ್ಷದಿಂದ ಗೇಟಿನಲ್ಲಿ ನಿಂತಿರುವ ಅಜ್ಜ ಕೂಡ ಹೇಳಿದರು. "ಇದು ಸ್ಟೀಲರ್ಸ್ ಊರು." ಮಾತು ಮುಗಿಯಿತು ಎನ್ನುವ ಹಾಗೆ.

ಅವರ ಮಾತು ಸುಳ್ಳೇನೂ ಅಲ್ಲ. ಸ್ಟೀಲರ್ಸ್ ಎಂದರೆ ಈ ಊರಿನ ವೃತ್ತಿಪರ ಫುಟ್‌ಬಾಲ್ ತಂಡ. 1972ರಿಂದ ಸ್ಟೀಲರ್ಸ್‌ನ ಹೋಮ್ ಗೇಮ್‌ಗಳ, ಅಂದರೆ ಸ್ವಂತ ಊರಿನ ಆಟಗಳ, ಟಿಕೆಟ್ ಪೂರ್ತಿ ಮಾರಾಟವಾಗುತ್ತಲೇ ಬಂದಿದೆ. ಫುಟ್‌ಬಾಲ್, ಹಾಕಿ, ಬೇಸ್‌ಬಾಲ್ ಮೂರರ ತಂಡಕ್ಕೂ ಇಲ್ಲಿ ಒಂದೇ ಕಪ್ಪು-ಚಿನ್ನದ ಬಣ್ಣ. ಸೆಪ್ಟೆಂಬರ್ ಬಂತೆಂದರೆ ಚರ್ಚಿಗೆ ಹೋಗುವವರೂ ಜರ್ಸಿ ಹಾಕಿಕೊಂಡೇ ಹೋಗುತ್ತಾರೆ. ಇಂಥ ಊರಿನಲ್ಲಿ ಮೂರು ಸಾವಿರ ಚಿಲ್ಲರೆ ಸೀಟಿನ ನಮ್ಮ ಸ್ಟೇಡಿಯಂ ತುಂಬಿಸಿದ್ದೇವೆ. ಐದಾರು ವರ್ಷ ಹಿಡಿಯಿತು. ಆಗದು ಎಂದವರೇ ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಎಂದು ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಲೇಜಿನ ಹೆಸರು ಬೇಡ.

ಮೊದಲು ಲೆಕ್ಕ ಹೇಳುತ್ತೇನೆ. ನಾನು ಟಿಕೆಟ್ ವಿಭಾಗಕ್ಕೆ ಸೇರಿದಾಗ ಪತ್ರಿಕೆಗೆ ಕೊಡುತ್ತಿದ್ದ ಸಂಖ್ಯೆ 1,800ರ ಹತ್ತಿರ ಇತ್ತು. ಗೇಟಿನಲ್ಲಿ ಸ್ಕ್ಯಾನ್ ಆಗುತ್ತಿದ್ದದ್ದು ಸುಮಾರು 900. ಉಳಿದದ್ದೆಲ್ಲ ಹಂಚಿದ ಟಿಕೆಟ್, ಬರದ ಜನ. ಈ ಕೆಲಸದಲ್ಲಿರುವವರಿಗೆ ಇದು ಗೊತ್ತೇ ಇರುತ್ತದೆ, ಅಲ್ವಾ? ನಾನು ಮೊದಲ ವಾರವೇ ಹಂಚಿದ ಲೆಕ್ಕ ನೋಡುವುದನ್ನು ಬಿಟ್ಟೆ. ನನ್ನ ನೋಟ್‌ಬುಕ್‌ನಲ್ಲಿ ಸ್ಕ್ಯಾನ್ ಸಂಖ್ಯೆ ಮಾತ್ರ.

ಆದರೂ ಮೊದಲ ಎರಡು ಸೀಸನ್ ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ವರ್ಷಕ್ಕೆ ನನಗಿದ್ದ ಹಣ 40 ಸಾವಿರ ಡಾಲರ್ ಆಸುಪಾಸು. ಅದರಲ್ಲಿ 11 ಸಾವಿರ ಒಂದೇ ಒಂದು ಹೈವೇ ಬೋರ್ಡಿಗೆ ಹೋಯಿತು. ರೇಡಿಯೋಗೆ ಆರು ಸಾವಿರ. ಟೀ ಶರ್ಟ್ ಒಂದಕ್ಕೆ ನಾಲ್ಕು ಡಾಲರ್‌ನಂತೆ ಸಾವಿರ ಮಾಡಿಸಿ ಗೇಟಿನಲ್ಲಿ ಹಂಚಿದೆ. ಹುಡುಗರು ಶರ್ಟ್ ತೆಗೆದುಕೊಂಡು, ಒಳಗೆ ಹತ್ತು ನಿಮಿಷ ಸುತ್ತಾಡಿ, ಆಟ ಶುರುವಾಗುವ ಕಿಕಾಫ್‌ಗೆ ಮೊದಲೇ ಹಾಸ್ಟೆಲ್‌ಗೆ ಹೋದರು. ದಿನಸಿ ಅಂಗಡಿಗಳಲ್ಲಿ ಐದು ಸಾವಿರ ಪುಕ್ಕಟೆ ಟಿಕೆಟ್ ಇಟ್ಟೆವು. ವಾಪಸು ಬಂದದ್ದು ಇನ್ನೂರು ಇರಬಹುದು.

ಟವೆಲ್ ವಿಷಯ ಇದಕ್ಕಿಂತ ಜಾಸ್ತಿ ನೋಯಿಸಿತು. ಸ್ಟೀಲರ್ಸ್ ಜನ ಬೀಸುವ ಹಳದಿ ಟವೆಲ್ ನೋಡಿ, ನಮ್ಮ ಬಣ್ಣದಲ್ಲಿ ಎರಡು ಸಾವಿರ ಟವೆಲ್ ಮಾಡಿಸಿದೆ. ಐದು ಸಾವಿರ ಡಾಲರ್ ಖರ್ಚು. ಜನ ಕೈಯಲ್ಲಿ ಹಿಡಿದರೇ ಹೊರತು ಒಬ್ಬರೂ ಬೀಸಲಿಲ್ಲ. ಗೇಟಿನ ಅಜ್ಜ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಆ ಟವೆಲ್ 1975ರಲ್ಲಿ ರೇಡಿಯೋ ಕಾಮೆಂಟೇಟರ್ ಮೈರನ್ ಕೋಪ್ ಶುರು ಮಾಡಿದ್ದು. 1996ರಲ್ಲಿ ಅದರ ಹಕ್ಕನ್ನು ಅವರು ಅಲೆಘೆನಿ ವ್ಯಾಲಿ ಸ್ಕೂಲ್‌ಗೆ ಬರೆದುಕೊಟ್ಟರು. ಬುದ್ಧಿ ಬೆಳವಣಿಗೆಯ ತೊಂದರೆ ಇರುವವರನ್ನು ನೋಡಿಕೊಳ್ಳುವ ಸಂಸ್ಥೆ ಅದು. ಕೋಪ್ ಅವರ ಮಗ ಅಲ್ಲೇ ಇದ್ದ. ಈ ಊರಿನವರಿಗೆ ಆ ಟವೆಲ್ ಮನೆ ದೇವರ ಪ್ರಸಾದದ ಹಾಗೆ. ಅದರ ನಕಲು ಮಾಡಲು ಹೋಗಬಾರದಿತ್ತು. ಉಳಿದ ಟವೆಲ್‌ಗಳನ್ನು ಆಟಗಾರರ ಬೆವರು ಒರೆಸಲು ಕೊಟ್ಟೆ. ಸ್ಟೀಲರ್ಸ್ ಮಾಡುವುದನ್ನು ನಾವು ಮಾಡಲೇಬಾರದು ಎಂದು ಅಂದೇ ತೀರ್ಮಾನ ಮಾಡಿದೆ.

ಇಲ್ಲಿ ನನ್ನ ಮಾವನ ನೆನಪು ಬಂತು. ಅವರು ಕುಂದಾಪುರದ ಕಡೆ ಯಕ್ಷಗಾನದ ಟೆಂಟ್ ಮೇಳಕ್ಕೆ ಟಿಕೆಟ್ ನೋಡಿಕೊಳ್ಳುತ್ತಿದ್ದರು. ಬೇಸಿಗೆ ರಜೆಯಲ್ಲಿ ನಾನು ಅವರ ಜೊತೆ ಕೌಂಟರಿನಲ್ಲಿ ಕೂರುತ್ತಿದ್ದೆ. ಅವರು ಎರಡು ಕೆಲಸ ಮಾಡುತ್ತಿದ್ದರು. ಪುಕ್ಕಟೆ ಪಾಸ್ ಯಾರಿಗೂ ಕೊಡುತ್ತಿರಲಿಲ್ಲ. ಅರ್ಧ ರೇಟಿಗೆ ಕೊಡುತ್ತಿದ್ದರು. ದುಡ್ಡು ಕೊಟ್ಟವನು ಮಳೆ ಬಂದರೂ ಬರುತ್ತಾನೆ ಎನ್ನುತ್ತಿದ್ದರು. ಇನ್ನೊಂದು, ಜನ ಕಡಿಮೆ ಎಂದು ಸಂಜೆಯೇ ಗೊತ್ತಾದರೆ ಟೆಂಟಿನ ಹಿಂದಿನ ಅರ್ಧಕ್ಕೆ ಹಗ್ಗ ಕಟ್ಟಿಸುತ್ತಿದ್ದರು. ಬಂದವರೆಲ್ಲ ಒತ್ತಾಗಿ ಕೂರಬೇಕು. ಆಗ ಭಾಗವತರ ಮೊದಲ ಪದಕ್ಕೇ ಟೆಂಟ್ ಬಿಸಿಯೇರುತ್ತಿತ್ತು.

2019ರಲ್ಲಿ ನಾನೂ ಹಗ್ಗ ಕಟ್ಟಿಸಿದೆ. ಎದುರು ಬದಿಯ ಬ್ಲೀಚರ್‌ನ (ಮೆಟ್ಟಿಲು ಬೆಂಚುಗಳ) ಎರಡು ವಿಭಾಗ, ಸುಮಾರು 700 ಸೀಟು ಮುಚ್ಚಿದೆ. ಮೇಲಿನವರಿಗೆ ಇದು ಹಿಡಿಸಲಿಲ್ಲ. ಸೀಟು ಮಾರಬೇಕಾದವನು ಸೀಟು ಮುಚ್ಚುತ್ತಿದ್ದಾನೆ ಎಂದರು. ನಾನು ಅವರಿಗೆ ಪಿಟ್ ಎಂದು ಕರೆಯುವ ಪಿಟ್ಸ್‌ಬರ್ಗ್ ಯೂನಿವರ್ಸಿಟಿಯನ್ನು ತೋರಿಸಿದೆ. ಪಿಟ್‌ಗೆ ಊರಿನ ಓಕ್ಲೆಂಡ್ ಬಡಾವಣೆಯಲ್ಲಿ, ಕ್ಯಾಂಪಸ್‌ನಲ್ಲೇ ಸ್ಟೇಡಿಯಂ ಇತ್ತು. 1999ರಲ್ಲಿ ಅದನ್ನು ಕೆಡವಿದರು. 2001ರಿಂದ ಸ್ಟೀಲರ್ಸ್‌ನ ಸ್ಟೇಡಿಯಂನಲ್ಲಿ ಆಡುತ್ತಾರೆ. ಅಲ್ಲಿ 68 ಸಾವಿರಕ್ಕೂ ಜಾಸ್ತಿ ಸೀಟು. ಆಮೇಲೆ 2022ರಲ್ಲಿ ವೆಸ್ಟ್ ವರ್ಜೀನಿಯಾ ಯೂನಿವರ್ಸಿಟಿ ತಂಡ ಬಂದಾಗ 70,622 ಜನ ಸೇರಿದ್ದರು, ಪಿಟ್ಸ್‌ಬರ್ಗ್‌ನ ಆಟಗಳಲ್ಲೇ ಅದು ದಾಖಲೆ. ಆದರೆ ಸಾದಾ ಶನಿವಾರ 40 ಸಾವಿರ ಜನ ಬಂದರೂ ಟಿವಿಯಲ್ಲಿ ಕಾಣುವುದು ಹಳದಿ ಕುರ್ಚಿಗಳೇ. ನಲವತ್ತು ಸಾವಿರ ಎಂದರೆ ಸಣ್ಣ ಜಾತ್ರೆಯಲ್ಲ! ಆದರೂ ನೋಡಿದವನು ಖಾಲಿ ಎನ್ನುತ್ತಾನೆ. ನಮ್ಮಲ್ಲಿ ಹಗ್ಗ ಕಟ್ಟಿದ ಮೊದಲ ಆಟಕ್ಕೆ ಬಂದದ್ದು ಸುಮಾರು 1,100 ಜನ. ಸದ್ದು ಮಾತ್ರ ಎರಡು ಸಾವಿರದ್ದು.

ಒತ್ತಾಗಿ ಕೂರಿಸಿದರೆ ಬಂದವರು ಮತ್ತೆ ಬರುತ್ತಾರೆ, ಸರಿ. ಹೊಸಬರನ್ನು ತರಬೇಕಲ್ಲ?

ಎರಡು ವರ್ಷದ ನೋಟ್‌ಬುಕ್ ಹರಡಿ ಕೂತೆ. ಸ್ಟೀಲರ್ಸ್ ಆಡುವುದು ಹೆಚ್ಚಾಗಿ ಭಾನುವಾರ, ನಾವು ಆಡುವುದು ಶನಿವಾರ. ನೇರ ಜಗಳ ಇಲ್ಲವೇ ಇಲ್ಲ. ಆದರೆ ಸ್ಟೀಲರ್ಸ್‌ಗೆ ಭಾನುವಾರ ಹೋಮ್ ಗೇಮ್ ಇದ್ದರೆ ನಮ್ಮ ಶನಿವಾರ ನೂರೈವತ್ತು, ಇನ್ನೂರು ಜನ ಕಡಿಮೆ. ಅವರು ಬೇರೆ ಊರಿಗೆ ಹೋದ ವಾರ ನಮಗೆ ಜಾಸ್ತಿ. ಜನ ಭಾನುವಾರದ ಪಾರ್ಟಿಗೆ ದುಡ್ಡು, ಪುರುಸೊತ್ತು ಎರಡನ್ನೂ ಉಳಿಸಿಕೊಳ್ಳುತ್ತಾರೆ. ಆಮೇಲೆ ಶುಕ್ರವಾರ ರಾತ್ರಿ ಪಶ್ಚಿಮ ಪೆನ್ಸಿಲ್ವೇನಿಯಾದಲ್ಲಿ ಹೈಸ್ಕೂಲ್ ಫುಟ್‌ಬಾಲ್. ಅದನ್ನು ಯಾರೂ ಮುಟ್ಟಬಾರದು. ಒಂದು ವರ್ಷ ನಮ್ಮವರು ಒಂದು ಆಟವನ್ನು ಶುಕ್ರವಾರಕ್ಕೆ ಹಾಕಿ 380 ಜನ ನೋಡಿದ್ದರು.

ಆ ಶುಕ್ರವಾರದ ಆಟಗಳಿಗೆ ನಾನೇ ಹೋಗಿ ಕೂತೆ. ನಾಲ್ಕು ವಾರ, ನಾಲ್ಕು ಹೈಸ್ಕೂಲ್. ಬೇಲಿಯ ಪಕ್ಕ ನಿಂತು ಜನರನ್ನು ನೋಡಿದೆ. ಅಲ್ಲಿ ಅರ್ಧ ಜನ ಆಟ ನೋಡುತ್ತಿರಲಿಲ್ಲ. ಬ್ಯಾಂಡ್‌ನಲ್ಲಿ ಟ್ರಂಪೆಟ್ ಊದುವ ಮಗಳನ್ನು ನೋಡಲು ಬಂದಿದ್ದರು. ಅಪ್ಪ, ಅಮ್ಮ, ಅಜ್ಜಿ, ತಮ್ಮ. ಹಾಫ್‌ಟೈಮ್‌ನಲ್ಲಿ ಎಲ್ಲರೂ ಎದ್ದು ನಿಂತು ಫೋನ್ ಎತ್ತಿದರು. ನನಗೆ ಬೇಕಾದದ್ದು ಅಲ್ಲಿತ್ತು.

ಹೈಸ್ಕೂಲ್ ಬ್ಯಾಂಡ್‌ಗಳನ್ನು ಆಟಕ್ಕೆ ಕರೆಸಿ ನುಡಿಸುವ ಬ್ಯಾಂಡ್ ದಿನ ಹೊಸ ವಿಷಯವಲ್ಲ, ನಿಮಗೆಲ್ಲ ಗೊತ್ತು. ದೊಡ್ಡ ಯೂನಿವರ್ಸಿಟಿಗಳು ಎಷ್ಟೋ ವರ್ಷದಿಂದ ಮಾಡುತ್ತಿವೆ. ಅವರು ವರ್ಷಕ್ಕೊಮ್ಮೆ ಹತ್ತಾರು ಬ್ಯಾಂಡ್ ಕರೆಯುತ್ತಾರೆ, ಮಕ್ಕಳಿಗೆ ಮೈದಾನದಲ್ಲಿ ಕೆಲವೇ ನಿಮಿಷ ಸಿಗುತ್ತದೆ. ನಾನು ಪ್ರತಿ ಆಟಕ್ಕೂ ಎರಡೇ ಬ್ಯಾಂಡ್ ಕರೆದೆ. ಮಕ್ಕಳಿಗೆ ಟಿಕೆಟ್ ಇಲ್ಲ. ಮನೆಯವರಿಗೆ ಆರು ಡಾಲರ್, ಅದರಲ್ಲಿ ಎರಡು ಡಾಲರ್ ಆ ಬ್ಯಾಂಡ್‌ನ ಪೋಷಕರ ಸಂಘಕ್ಕೆ ವಾಪಸ್. ಟಿಕೆಟ್ ಮಾರುವವರೂ ಅವರೇ. ಬ್ಯಾಂಡ್ ಅಮ್ಮಂದಿರ ಹಾಗೆ ಟಿಕೆಟ್ ಮಾರುವವರನ್ನು ನಾನು ಇಪ್ಪತ್ತು ವರ್ಷದಲ್ಲಿ ಕಂಡಿಲ್ಲ. ಒಬ್ಬರು ಒಂದೇ ವಾರದಲ್ಲಿ 90 ಮಾರಿದರು.

ಬಸ್ಸಿಗೆ 450 ಡಾಲರ್ ಆಗುತ್ತಿತ್ತು, ಅರ್ಧ ನಾವು ಕೊಟ್ಟೆವು. ನೀರು, ಪಿಜ್ಜಾ ಸೇರಿ ಇನ್ನೊಂದು ನಾನೂರು. ಕಚೇರಿಯಲ್ಲಿ ಯಾರಿಗೂ ನಂಬಿಕೆ ಇರಲಿಲ್ಲ. "ಬ್ಯಾಂಡ್ ನೋಡಲು ಬರುವವರು ಅಭಿಮಾನಿಗಳಲ್ಲ" ಎಂದರು. ಮೊದಲ ಬಾರಿ ಎರಡು ಬ್ಯಾಂಡ್ ಬಂದ ದಿನ 1,700 ಸ್ಕ್ಯಾನ್ ಆಯಿತು. ಸ್ಕ್ಯಾನರ್ ಹಿಡಿದ ಹುಡುಗಿ ಕೆಟ್ಟುಹೋಗಿದೆ ಎಂದುಕೊಂಡು ನನ್ನ ಹತ್ತಿರ ತಂದಳು.

ಆದರೆ ಹಾಫ್‌ಟೈಮ್ ಮುಗಿದ ಕೂಡಲೇ ಆರುನೂರು ಜನ ಎದ್ದು ಹೋದರು. ಆಟಗಾರರು ವಾಪಸು ಬಂದಾಗ ಸ್ಟೇಡಿಯಂ ಅರ್ಧ ಖಾಲಿ. ಕೋಚ್ ಸಿಟ್ಟಾದರು, ಅವರ ಸಿಟ್ಟು ನ್ಯಾಯವೇ. ಮುಂದಿನ ಆಟಕ್ಕೆ ಬ್ಯಾಂಡ್‌ಗಳನ್ನು ಎರಡು ಹೊತ್ತಿಗೆ ಹಂಚಿದೆ. ಹಾಫ್‌ಟೈಮ್‌ನ 20 ನಿಮಿಷದಲ್ಲಿ ಅವರದೇ ಪ್ರದರ್ಶನ. ನಾಲ್ಕನೇ ಕ್ವಾರ್ಟರ್ ಶುರುವಾಗುವಾಗ ನಮ್ಮ ಬ್ಯಾಂಡ್ ಜೊತೆ ಸೇರಿ ಒಂದು ಹಾಡು. ಆಟ ಮುಗಿದ ಮೇಲೆ ಮಕ್ಕಳು ಮೈದಾನಕ್ಕಿಳಿದು ಆಟಗಾರರ ಜೊತೆ ಫೋಟೋ. ಈಗ ಎದ್ದು ಹೋಗುವವರು ನೂರು ದಾಟುವುದಿಲ್ಲ. ಇಲ್ಲಿ ಇನ್ನೂ ಒಂದು ಕೆಲಸ ಮಾಡುತ್ತೇವೆ, ಸೋಮವಾರ ಬೆಳಿಗ್ಗೆ ಬ್ಯಾಂಡ್ ಮನೆಯವರಿಗೆ ಒಂದು ಫೋನ್. ಆ ಫೋನಿನಲ್ಲಿ ಏನು ಕೊಡುತ್ತೇವೆ ಎಂದು ಇಲ್ಲಿ ಹೇಳುವುದಿಲ್ಲ. ಪಕ್ಕದ ಕಾಲೇಜಿನವರೂ ಇದನ್ನು ಓದುತ್ತಾರೆ. ಹತ್ತರಲ್ಲಿ ಮೂರು ಮನೆಯವರು ತಮ್ಮ ಮಕ್ಕಳ ಬ್ಯಾಂಡ್ ಇಲ್ಲದ ಆಟಕ್ಕೂ ಬರುವಂತೆ ಮಾಡಿದ್ದು ಆ ಫೋನೇ.

2020ರ ಶರತ್ಕಾಲದಲ್ಲಿ ಆಟವೇ ಇರಲಿಲ್ಲ. 2021ರಲ್ಲಿ ಮತ್ತೆ ಶುರು ಮಾಡಿದಾಗ ದುರಾಸೆಗೆ ಬಿದ್ದೆ. ಅಕ್ಟೋಬರ್‌ನ ಒಂದೇ ಆಟಕ್ಕೆ ನಾಲ್ಕು ಬ್ಯಾಂಡ್ ಕರೆದೆ. ಬೆಳಿಗ್ಗೆಯಿಂದ ಮಳೆ. ಮಳೆಯಲ್ಲಿ ಕ್ಲಾರಿನೆಟ್ ಹೊರಗೆ ತೆಗೆಯುವುದಿಲ್ಲ. ನಾಲ್ಕೂ ಬ್ಯಾಂಡ್ ಬರಲಿಲ್ಲ. ಬಸ್ಸಿನ ದುಡ್ಡು ವಾಪಸು ಸಿಗಲಿಲ್ಲ, ಸ್ಕ್ಯಾನ್ 410. ಅದಾದ ಮೇಲೆ ಒಂದು ಆಟಕ್ಕೆ ಎರಡೇ ಬ್ಯಾಂಡ್, ಅದು ಬದಲಾಗಿಲ್ಲ. ಬಸ್ ಕಂಪನಿ ಕೂಡ ಬದಲಿಸಿದೆ, 48 ಗಂಟೆ ಮೊದಲು ರದ್ದು ಮಾಡಲು ಒಪ್ಪುವವರನ್ನು ಹುಡುಕಿಕೊಂಡೆ.

ಸಮಯದ ಬಗ್ಗೆ ಒಂದು ಮಾತು. ದೊಡ್ಡ ಯೂನಿವರ್ಸಿಟಿಗಳ ಕಿಕಾಫ್ ಟಿವಿಯವರ ಕೈಯಲ್ಲಿದೆ. ಎಷ್ಟೋ ಆಟಗಳಿಗೆ 12 ದಿನ ಮೊದಲು, ಕೆಲವಕ್ಕೆ ಆರೇ ದಿನ ಮೊದಲು ಗೊತ್ತಾಗುತ್ತದೆ. ಸಣ್ಣ ಮಕ್ಕಳ ಅಪ್ಪ ಅಮ್ಮನಿಗೆ ಇದು ಕಷ್ಟ. ನಮಗೆ ಆ ಕಾಟ ಇಲ್ಲ. ಜನವರಿಯಲ್ಲೇ ಎಲ್ಲ ಹೋಮ್ ಗೇಮ್‌ಗೂ ಮಧ್ಯಾಹ್ನ 1 ಗಂಟೆ ಎಂದು ನಿಗದಿ ಮಾಡಿ, ಫ್ರಿಜ್‌ಗೆ ಅಂಟಿಸುವ ಕಾರ್ಡ್ ಹಂಚಿದೆವು. ಆಮೇಲೆ ಒಮ್ಮೆಯೂ ಬದಲಿಸಲಿಲ್ಲ. ಕಾರ್ಡ್ ಒಂದಕ್ಕೆ 30 ಸೆಂಟ್. ಹೈವೇ ಬೋರ್ಡಿನ 11 ಸಾವಿರದಲ್ಲಿ ಎಷ್ಟು ಕಾರ್ಡ್ ಬರುತ್ತಿತ್ತು ಎಂದು ಈಗಲೂ ಲೆಕ್ಕ ಹಾಕುತ್ತೇನೆ.

ನನ್ನ ಮನಸ್ಸಿಗೆ ತುಂಬಾ ಹತ್ತಿರವಾದ ಇನ್ನೊಂದು ಪ್ರಯೋಗವೂ ಇದೆ. ನಮ್ಮ ಕಾಲೇಜಿನಲ್ಲಿ ಎಂಎಸ್ ಓದಲು ಬಂದ ಭಾರತದ ಹುಡುಗರು ಬಹಳ. ಅವರಿಗೆ ಟಿಕೆಟ್ ಪುಕ್ಕಟೆ, ಆದರೂ ಒಬ್ಬರೂ ಬರುತ್ತಿರಲಿಲ್ಲ. ಕೇಳಿದರೆ, ಏನೂ ಅರ್ಥ ಆಗಲ್ಲ ಎಂದರು. ಗುರುವಾರ ಸಂಜೆ ಒಂದು ಕ್ಲಾಸ್ ರೂಮ್ ಹಿಡಿದು ಕ್ರಿಕೆಟ್ ಭಾಷೆಯಲ್ಲಿ ಹೇಳಿಕೊಟ್ಟೆ. ನಾಲ್ಕು ಬಾಲಿನ ಓವರ್ ಎಂದುಕೊಳ್ಳಿ. ನಾಲ್ಕು ಬಾಲಿನಲ್ಲಿ ಹತ್ತು ರನ್, ಅಂದರೆ ಹತ್ತು ಗಜ ಆದರೆ ಹೊಸ ಓವರ್ ನಿಮಗೇ. ಆಗದಿದ್ದರೆ ಬ್ಯಾಟಿಂಗ್ ಎದುರಾಳಿಗೆ. ನಾಲ್ಕನೇ ಬಾಲಿಗೆ ಇನ್ನೂ ಆರೇಳು ಗಜ ಬಾಕಿ ಇದ್ದರೆ ದೂರ ಒದ್ದು ಎದುರಾಳಿಯನ್ನು ಹಿಂದಕ್ಕೆ ತಳ್ಳುತ್ತಾರೆ. ನಲವತ್ತು ನಿಮಿಷ ಸಾಕಾಯಿತು. ಆ ಶನಿವಾರ 35 ಹುಡುಗರು ಬಂದರು. ಥರ್ಡ್ ಡೌನ್, ಅಂದರೆ ಮೂರನೇ ಬಾಲು, ಬಂದಾಗಲೆಲ್ಲ ಎದ್ದು ನಿಂತು ಕೂಗುತ್ತಿದ್ದವರು ಅವರೇ. ಈಗ ಆ ಕ್ಲಾಸನ್ನು ಹಿಂದಿನ ವರ್ಷದ ಹುಡುಗರೇ ನಡೆಸುತ್ತಾರೆ, ಆಟಕ್ಕೆ ನೂರರ ಹತ್ತಿರ ಬರುತ್ತಾರೆ.

ಅದೇ ಹುಮ್ಮಸ್ಸಿನಲ್ಲಿ ಕನ್ನಡ ಮನೆಗಳನ್ನೂ ಕರೆದೆ. ಪಿಟ್ಸ್‌ಬರ್ಗ್ ಪಕ್ಕದ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಶನಿವಾರ ದೂರದ ಊರುಗಳಿಂದಲೂ ಜನ ಬರುತ್ತಾರೆ. ಬೆಳಿಗ್ಗೆ ದರ್ಶನ, ಕ್ಯಾಂಟೀನ್‌ನಲ್ಲಿ ಪುಳಿಯೋಗರೆ, ಒಂದು ಗಂಟೆಗೆ ಆಟ ಎಂದು ಯೋಜನೆ ಹಾಕಿದೆ. ಮೊದಲ ವರ್ಷ 64 ಟಿಕೆಟ್ ಹೋಯಿತು. ಮರುವರ್ಷ 11. ಅವರ ಮಕ್ಕಳು ಯಾರೂ ಮೈದಾನದಲ್ಲಿ ಇರಲಿಲ್ಲ, ಬರಲು ಕಾರಣ ಬೇಕಲ್ಲ. ಅವರಿಗಾಗಿ ತರಿಸಿದ ಸಸ್ಯಾಹಾರಿ ಸ್ಯಾಂಡ್‌ವಿಚ್ ಮಾತ್ರ ಉಳಿದುಕೊಂಡಿತು. ಆಟಕ್ಕೆ ಎಪ್ಪತ್ತು ಎಂಬತ್ತು ಹೋಗುತ್ತದೆ, ತಿನ್ನುವವರಲ್ಲಿ ಹೆಚ್ಚಿನವರು ಇಲ್ಲಿನವರೇ.

ಕೊನೆಗೆ ದುಡ್ಡು. ಸೀಸನ್‌ಗೆ ಟಿಕೆಟ್‌ನಿಂದ 30 ಸಾವಿರ ಡಾಲರ್ ಬರುತ್ತಿದ್ದ ಜಾಗದಲ್ಲಿ ಈಗ 70 ಸಾವಿರದ ಹತ್ತಿರ ಬರುತ್ತದೆ. ಇದು ಬ್ಯಾಂಡ್ ಸಂಘಗಳ ಪಾಲು ಕೊಟ್ಟ ಮೇಲಿನ ಲೆಕ್ಕ. ತಿಂಡಿ, ಪಾರ್ಕಿಂಗ್ ಬೇರೆ. ಪ್ರಚಾರಕ್ಕೆ 40 ಸಾವಿರ ಇದ್ದದ್ದು ಈಗ 22 ಸಾವಿರ, ಅದರಲ್ಲಿ ಬಸ್ಸಿನ ಖರ್ಚೂ ಸೇರಿದೆ. ಸ್ಕ್ಯಾನ್ ಸರಾಸರಿ 2,300ರ ಮೇಲಿದೆ.

2023ರ ಅಕ್ಟೋಬರ್‌ನಲ್ಲಿ ಒಂದು ಶನಿವಾರ, ಸ್ಟೀಲರ್ಸ್ ಆಟ ಊರಲ್ಲಿ ಇರಲಿಲ್ಲ, ಒಳ್ಳೆಯ ಬಿಸಿಲು. ಒಂದೂಕಾಲು ಗಂಟೆಗೆ ಗೇಟಿನ ಅಜ್ಜ ವಾಕಿಟಾಕಿಯಲ್ಲಿ ಕರೆದರು. ಇನ್ನೂರು ಜನ ಹೊರಗಿದ್ದಾರೆ, ಒಳಗೆ ಜನ ಮೆಟ್ಟಿಲ ಮೇಲೆ ಕೂತಿದ್ದಾರೆ, ಏನು ಮಾಡಲಿ ಎಂದರು. ನಾನು ಎದುರು ಬದಿಗೆ ಓಡಿದೆ. ನಾಲ್ಕು ವರ್ಷದಿಂದ ಬಿಚ್ಚದ ಹಗ್ಗ, ಗಂಟು ಗಟ್ಟಿಯಾಗಿ ಕೂತಿತ್ತು, ಕೈಯಲ್ಲಿ ಬಿಚ್ಚಲಾಗಲಿಲ್ಲ. ಟ್ರಾಂಬೋನ್ ಹುಡುಗಿಯ ಅಪ್ಪ ಒಬ್ಬರು ಜೇಬಿನಿಂದ ಚಾಕು ತೆಗೆದು ಕತ್ತರಿಸಿಕೊಟ್ಟರು.