ಮಿನಿವ್ಯಾನ್ ರಿಪೇರಿ: ಬಿಡಿಭಾಗ ಬದಲಿಸುವ ಮುಂಚೆ ನಾನು ಅಳೆದು ನೋಡುವುದು

ಸರ್ವಿಸ್ ಕೌಂಟರಿನಲ್ಲಿ ನಾನು ಯಾವತ್ತೂ ಬಿಡಿಭಾಗದ ಹೆಸರು ಹೇಳುವುದಿಲ್ಲ. "ಬಾಗಿಲಿನ ಮೋಟರ್ ಹೋಗಿದೆ, ಬೇರೆ ಹಾಕಿ" ಎಂದರೆ ಅವರು ಮೋಟರ್ ಹಾಕಿ ಬಿಲ್ ಮಾಡುತ್ತಾರೆ. ಆಮೇಲೂ ಬಾಗಿಲು ಓಡದಿದ್ದರೆ, ಕೇಳಿದ ಕೆಲಸ ಮಾಡಿದ್ದೇವೆ ಎನ್ನುವುದಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ. ಜಾಬ್ ಕಾರ್ಡಿನಲ್ಲಿ ನಾನು ಬರೆಸುವುದು ಇಷ್ಟೇ: ಏನಾಗುತ್ತದೆ, ಯಾವ ಸ್ಥಿತಿಯಲ್ಲಿ ಆಗುತ್ತದೆ, ಅಳೆದಾಗ ಎಷ್ಟು ಬಂತು. ಅಳೆಯುವುದಕ್ಕೆ ಬೇಕಾದ ಸಲಕರಣೆ ಹೆಚ್ಚೇನಿಲ್ಲ. ಡಿಜಿಟಲ್ ಮಲ್ಟಿಮೀಟರ್, ಫ್ರೀಜ್ ಫ್ರೇಮ್ (ದೋಷ ದಾಖಲಾದ ಕ್ಷಣದ ಎಂಜಿನ್ ಸ್ಥಿತಿ) ತೋರಿಸುವ ಓಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿನ ದೋಷದ ಕೋಡ್ ಓದುವ ಸಾಧನ), ಎಷ್ಟು ಬಿಗಿದೆವೆಂದು ತೋರಿಸುವ ಟಾರ್ಕ್ ರೆಂಚ್, ಒಂದು ಒಳ್ಳೆಯ ಟಾರ್ಚು ಸಾಕು.

ಯಾವ ತೊಂದರೆಯಿದ್ದರೂ ಮೊದಲು ಬ್ಯಾಟರಿ. ಮಿನಿವ್ಯಾನಿನಲ್ಲಿ ಎರಡು ಪವರ್ ಬಾಗಿಲು, ಪವರ್ ಡಿಕ್ಕಿ, ಹಿಂದಿನ ಬ್ಲೋವರ್, ಪರದೆಗಳು ಎಲ್ಲ ಇರುವುದರಿಂದ ವೋಲ್ಟೇಜ್ ಸ್ವಲ್ಪ ಕುಸಿದರೂ ವಿಚಿತ್ರ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜು, 12.2 ಅಂದರೆ ಹೆಚ್ಚುಕಡಿಮೆ ಅರ್ಧ. ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.7ರಿಂದ 14.7ರ ನಡುವೆ ಇರಬೇಕು. ನಿಂತಲ್ಲೇ ಬ್ಯಾಟರಿ ಇಳಿಯುತ್ತಿದ್ದರೆ ನೆಗೆಟಿವ್ ಕೇಬಲಿನ ಸಾಲಿನಲ್ಲಿ ಆಮ್‌ಮೀಟರ್ ಕೂರಿಸಿ, ಗಾಡಿ ಲಾಕ್ ಮಾಡಿ, ಮಾಡ್ಯೂಲುಗಳು (ಗಾಡಿಯ ಸಣ್ಣ ಕಂಪ್ಯೂಟರುಗಳು) ನಿದ್ದೆಗೆ ಹೋಗಲು ಅರ್ಧ ಗಂಟೆಗೂ ಹೆಚ್ಚು ಬಿಡುತ್ತೇನೆ. 50 ಮಿಲಿಆಂಪಿಯರ್‌ಗಿಂತ ಹೆಚ್ಚು ಎಳೆಯುತ್ತಿದ್ದರೆ ಯಾವುದೋ ಒಂದು ಎಚ್ಚರವಾಗಿಯೇ ಇದೆ. ಸರಿಯಾಗಿ ಮುಚ್ಚದ ಸ್ಲೈಡಿಂಗ್ ಬಾಗಿಲಿನ ಲ್ಯಾಚ್ (ಚಿಲಕ) ಸ್ವಿಚ್ಚನ್ನು ನಾನು ಮೊದಲು ಅನುಮಾನಿಸುತ್ತೇನೆ.

ಇನ್ನು ಬಾಗಿಲು. ಮಿನಿವ್ಯಾನಿಗೇ ವಿಶಿಷ್ಟವಾದ ತೊಂದರೆ ಇದು. ಬೇಡದ ಬಿಡಿಭಾಗ ಬದಲಾಗುವುದೂ ಇಲ್ಲೇ ಹೆಚ್ಚು. ಬಿಚ್ಚುವ ಮುಂಚೆ ತಡೆಗಳನ್ನು ನೋಡಬೇಕು. ಡ್ಯಾಶ್‌ಬೋರ್ಡಿನ ಮೇನ್ ಸ್ವಿಚ್ ಆಫ್ ಆಗಿರಬಹುದು. ಚೈಲ್ಡ್ ಲಾಕ್ ಒಳಗಿನ ಹಿಡಿಯನ್ನು ನಿಲ್ಲಿಸಿರಬಹುದು. ಹಲವು ಮಾದರಿಗಳಲ್ಲಿ ಪೆಟ್ರೋಲ್ ಮುಚ್ಚಳ ತೆರೆದಿದ್ದರೆ ಆ ಬದಿಯ ಬಾಗಿಲು ತೆರೆಯುವುದೇ ಇಲ್ಲ. ಮುಚ್ಚಳದ ಹಿಂದಿನ ಆ ತಡೆಕೊಂಡಿ ಕೊಳೆಯಿಂದ ಸಿಕ್ಕಿಕೊಂಡರೆ ಮುಚ್ಚಳ ಮುಚ್ಚಿದ ಮೇಲೂ ಬಾಗಿಲು ಸತ್ತಂತೆಯೇ ಇರುತ್ತದೆ.

ಇವೆಲ್ಲ ಸರಿಯಿದ್ದರೆ ಮೇನ್ ಸ್ವಿಚ್ ಆಫ್ ಮಾಡಿ ಬಾಗಿಲನ್ನು ಕೈಯಿಂದ ಪೂರ್ತಿ ಹಿಂದಕ್ಕೆ, ಪೂರ್ತಿ ಮುಂದಕ್ಕೆ ಓಡಿಸುತ್ತೇನೆ. ಕೈಗೆ ಭಾರ ಬಂದರೆ ತೊಂದರೆ ರೋಲರಿನಲ್ಲಿ, ಹಳಿಯಲ್ಲಿ ಅಥವಾ ಕೇಬಲಿನಲ್ಲಿದೆ. ಹಗುರವಾಗಿ ಓಡಿದರೆ ವಿದ್ಯುತ್ತಿನ ಕಡೆ ಹುಡುಕಬೇಕು. ಒಂದೇ ನಿಮಿಷದ ಈ ಪರೀಕ್ಷೆಯನ್ನು ಬಿಟ್ಟು ನೇರವಾಗಿ ಮೋಟರಿಗೆ ಕೈ ಹಾಕುವುದರಿಂದಲೇ ದೊಡ್ಡ ಬಿಲ್ ಹುಟ್ಟುವುದು.

ಬಾಗಿಲಿಗೆ ಮೂರು ಹಳಿಗಳಿರುತ್ತವೆ: ಮೇಲೆ, ಕೆಳಗೆ, ಮತ್ತು ಗಾಡಿಯ ಹೊರಮೈಯಲ್ಲಿ ನಡುವೆ. ಕೆಳಗಿನ ಹಳಿಗೆ ನಾಣ್ಯ, ಕಲ್ಲುಚೂರು, ಆಟಿಕೆಯ ತುಂಡು ಬೀಳುತ್ತವೆ. ವ್ಯಾಕ್ಯೂಮ್‌ನಿಂದ ಎಳೆದು, ಗಟ್ಟಿ ಬ್ರಷ್ಷಿನಿಂದ ಕೆದಕಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸುತ್ತೇನೆ. ಆಮೇಲೆ ಸಿಲಿಕೋನ್ ಸ್ಪ್ರೇ ಅಥವಾ ಬಿಳಿ ಲಿಥಿಯಂ ಗ್ರೀಸಿನ ತೆಳು ಪದರ ಸಾಕು. ದಪ್ಪ ಗ್ರೀಸ್ ಬಳಿದರೆ ಧೂಳು ಅಂಟಿ ಉಪ್ಪುಕಾಗದದ ಹಾಗೆ ರೋಲರನ್ನು ತಿನ್ನುತ್ತದೆ. ಜಂಗು ಬಿಡಿಸುವ ಸ್ಪ್ರೇ ಇಲ್ಲಿಗೆ ಸಲ್ಲದು. ಅದರಲ್ಲಿನ ದ್ರಾವಕ ಆರಿದ ಮೇಲೆ ಉಳಿಯುವ ಎಣ್ಣೆ ತೀರಾ ತೆಳು, ಇದ್ದ ಗ್ರೀಸನ್ನೂ ಅದು ತೊಳೆದುಬಿಟ್ಟಿರುತ್ತದೆ.

ಬಾಗಿಲಿನ ಹಿಂಭಾಗದ ತೂಕ ನಡುವಿನ ಹಳಿಯ ರೋಲರಿನ ಮೇಲಿರುತ್ತದೆ. ಅದರ ಬೇರಿಂಗ್ ಹಿಡಿದರೆ ಚಕ್ರ ತಿರುಗದೆ ಉಜ್ಜಿಕೊಂಡು ಒಂದು ಕಡೆ ಚಪ್ಪಟೆಯಾಗುತ್ತದೆ, ಬಾಗಿಲಿನ ಹಿಂಭಾಗ ಜೋತುಬೀಳುತ್ತದೆ, ಲ್ಯಾಚ್ ಹೋಗಿ ಸ್ಟ್ರೈಕರಿನ (ಲ್ಯಾಚ್ ಹಿಡಿದುಕೊಳ್ಳುವ, ಚೌಕಟ್ಟಿನ ಮೇಲಿನ ಕೊಂಡಿ) ಕೆಳಗೆ ಬಡಿಯುತ್ತದೆ. ಸ್ಟ್ರೈಕರಿನ ಮೇಲೆ ಹೊಸ ಗೀರು ಕಂಡರೆ ಸ್ಟ್ರೈಕರನ್ನು ಸರಿಸುವುದಲ್ಲ, ರೋಲರ್ ನೋಡಬೇಕು. ಸರಿಸಲೇಬೇಕಾದಾಗ ಅದರ ಸುತ್ತ ಮಾರ್ಕರಿನಿಂದ ಗೆರೆ ಎಳೆದು, ಒಮ್ಮೆಗೆ ಒಂದು ಮಿಲಿಮೀಟರಿಗಿಂತ ಹೆಚ್ಚು ಕದಲಿಸಬೇಡಿ.

ಮೋಟರ್ ತಿರುಗುವ ಸದ್ದು ಕೇಳಿಸಿ ಬಾಗಿಲು ಅಲ್ಲಾಡದಿದ್ದರೆ ಕೇಬಲ್ ತುಂಡಾಗಿದೆ ಅಥವಾ ಕ್ಲಚ್ ಹಿಡಿಯುತ್ತಿಲ್ಲ. ಪ್ರತಿಸಲ ಒಂದೇ ಜಾಗದಲ್ಲಿ ನಿಂತು ವಾಪಸಾದರೆ ಅಲ್ಲಿ ಅಡ್ಡಿಯಿದೆ. ಪೂರ್ತಿ ಮುಚ್ಚಿದ ಮೇಲೆ ಮತ್ತೆ ತೆರೆದುಕೊಂಡರೆ ಕೊನೆಯ ಎಳೆತ ಕೊಡುವ ಲ್ಯಾಚ್ ಮೋಟರನ್ನೋ ಅದರ ಸ್ವಿಚ್ಚನ್ನೋ ನೋಡಬೇಕು. ಬಾಗಿಲಿನ ಮುಂದಿನ ಅಂಚಿನ ರಬ್ಬರ್ ಪಟ್ಟಿಯಲ್ಲಿರುವ ಸೆನ್ಸರ್ ಹರಿದಿದ್ದರೂ ಬಾಗಿಲು ಕೈಯೋ ಕಾಲೋ ಸಿಕ್ಕಿಕೊಂಡಿತೆಂದು ಹಿಂದಕ್ಕೆ ಹೋಗುತ್ತದೆ. ಉಕ್ಕಿನ ಕೇಬಲ್ ಸಾಮಾನ್ಯವಾಗಿ ಗಾಲಿಯ (ಕೇಬಲ್ ಹಾಯುವ ಸಣ್ಣ ರಾಟೆ) ಮೇಲೆ ಬಾಗುವ ಜಾಗದಲ್ಲಿ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಒಂದು ಎಳೆ ಹೊರಬಂದದ್ದು ಕಂಡರೂ ಪವರ್ ಮೋಡ್ ನಿಲ್ಲಿಸಿ. ಅದು ಡ್ರಮ್ಮಿಗೆ ಸುತ್ತಿಕೊಂಡರೆ ಬಾಗಿಲು ಕೈಗೂ ಬರುವುದಿಲ್ಲ. ಶೋರೂಮಿನಲ್ಲಿ ಮೋಟರ್, ಡ್ರಮ್, ಕೇಬಲ್ ಸೇರಿದ ಇಡೀ ಜೋಡಣೆಯನ್ನು ಬದಲಿಸುವುದೇ ವಾಡಿಕೆ. ಮೋಟರ್ ಚೆನ್ನಾಗಿದ್ದರೆ ಕೇಬಲ್ ಮಾತ್ರ ಸಿಗುವ ಮಾದರಿಗಳೂ ಇವೆ, ಕೇಳಿ ನೋಡಬೇಕು. ತಾವೇ ಮಾಡುವವರು ಫ್ಯೂಸ್ ತೆಗೆಯದೆ ಗಾಲಿಯ ಹತ್ತಿರ ಬೆರಳು ಒಯ್ಯಬಾರದು.

ಕಿಟಕಿ, ಲಾಕ್, ಬಾಗಿಲು ಮೂರೂ ಆಗಾಗ ಕೈಕೊಟ್ಟು ಆಗಾಗ ಸರಿಹೋಗುತ್ತಿದ್ದರೆ ಬಾಗಿಲಿನ ಜೊತೆ ಮಡಚುವ ವೈರಿನ ಕೊಳವೆ ಬಿಚ್ಚಿ ನೋಡುತ್ತೇನೆ. ಹೊರಗೆ ನಿರೋಧಕ ಪದರ ಸರಿಯಿದ್ದು ಒಳಗೆ ತಾಮ್ರ ತುಂಡಾಗಿರುತ್ತದೆ. ಒಂದೊಂದೇ ವೈರಿನ ಎರಡೂ ತುದಿಗೆ ಮೀಟರ್ ಹಿಡಿದು, ಬಾಗಿಲನ್ನು ನಿಧಾನ ಸರಿಸಿದರೆ ಓದು ಕುಣಿಯುತ್ತದೆ. ಬಾಗುವ ಜಾಗದಲ್ಲಿ ಬೆಸುಗೆ ಹಾಕಿದರೆ ಆ ಭಾಗ ಬಿರುಸಾಗಿ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಜೋಡಣೆಯನ್ನು ಬಾಗದ ಜಾಗಕ್ಕೆ ಒಯ್ದು, ನಡುವೆ ಸಣ್ಣ ಎಳೆಗಳ ಮೆತ್ತನೆಯ ಹೊಸ ವೈರ್ ಹಾಕಬೇಕು.

ಬಾಗಿಲಿಗೆ ಹಣ ಕೊಡುವ ಮುಂಚೆ ಚಾಸಿ ನಂಬರ್ ಹಾಕಿ ರೀಕಾಲ್ (ದೋಷ ಸರಿಪಡಿಸಲು ಕಂಪನಿ ಗಾಡಿಗಳನ್ನು ವಾಪಸು ಕರೆಯುವುದು) ಇದೆಯೇ ನೋಡುವುದು ಕಡ್ಡಾಯ. ಟೊಯೋಟಾ 2016ರಲ್ಲಿ 2011ರಿಂದ 2016ರ ಮಾದರಿಯ ಸಿಯೆನ್ನಾ ಮಿನಿವ್ಯಾನುಗಳನ್ನು ವಾಪಸು ಕರೆದದ್ದು ಇದೇ ಬಾಗಿಲಿಗಾಗಿ. ಬಾಗಿಲಿಗೆ ಅಡ್ಡಿಯಾದಾಗ ಮೋಟರ್ ಸರ್ಕ್ಯೂಟಿನಲ್ಲಿ ಕರೆಂಟ್ ಏರಿ ಫ್ಯೂಸ್ ಹೋಗಬಹುದಿತ್ತು. ಆ ಕ್ಷಣಕ್ಕೆ ಲ್ಯಾಚ್ ಬಿಚ್ಚಿದ ಸ್ಥಿತಿಯಲ್ಲಿದ್ದರೆ ಓಡುವ ಗಾಡಿಯಲ್ಲೇ ಬಾಗಿಲು ತೆರೆದುಕೊಳ್ಳುವ ಅಪಾಯವಿತ್ತು. ರೀಕಾಲ್ ಬೇರೆ, ಟೆಕ್ನಿಕಲ್ ಸರ್ವಿಸ್ ಬುಲೆಟಿನ್ ಬೇರೆ. ರೀಕಾಲ್ ಸುರಕ್ಷತೆಗೆ ಸಂಬಂಧಪಟ್ಟದ್ದು, ಉಚಿತ. ಬುಲೆಟಿನ್ ಅಂದರೆ ಈ ಲಕ್ಷಣಕ್ಕೆ ಈ ರೀತಿ ರಿಪೇರಿ ಮಾಡಿ ಎಂದು ಕಂಪನಿ ಮೆಕ್ಯಾನಿಕ್‌ಗಳಿಗೆ ಕೊಟ್ಟ ಸೂಚನೆ. ವಾರಂಟಿ ಮುಗಿದಿದ್ದರೆ ಹಣ ನಮ್ಮದೇ. ಆದರೂ ಬುಲೆಟಿನ್ ನಂಬರನ್ನು ಜಾಬ್ ಕಾರ್ಡಿನಲ್ಲಿ ಬರೆಸಿದರೆ ಪತ್ತೆ ಕೆಲಸದ ಗಂಟೆಗಳು ಉಳಿಯುತ್ತವೆ.

ಎಂಜಿನ್ ಮಿಸ್‌ಫೈರ್ (ಯಾವುದಾದರೂ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು) ವಿಷಯಕ್ಕೆ ಬಂದರೆ, ಚೆಕ್ ಎಂಜಿನ್ ದೀಪ ಮಿನುಗುತ್ತಿದ್ದರೆ ಓಡಿಸಬಾರದು. ಸುಡದ ಪೆಟ್ರೋಲ್ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಕರಗಿಸುತ್ತದೆ. ಸ್ಕ್ಯಾನರಿನಲ್ಲಿ ಕಾಣುವ ಕೋಡ್ ಪಿ0302 ಎಂದರೆ ಎರಡನೇ ಸಿಲಿಂಡರ್, ಪಿ0305 ಎಂದರೆ ಐದನೆಯದು, ಪಿ0300 ಎಂದರೆ ನಿರ್ದಿಷ್ಟವಾಗಿ ಒಂದಕ್ಕೆ ಸೇರದ್ದು. ಕೋಡನ್ನು ಅಳಿಸದೆ ಫ್ರೀಜ್ ಫ್ರೇಮಿನ ಫೋಟೋ ತೆಗೆದುಕೊಳ್ಳುತ್ತೇನೆ. ಕೋಡ್ ಬಿದ್ದಾಗ ಎಂಜಿನ್ ತಣ್ಣಗಿತ್ತೇ, ವೇಗವೆಷ್ಟು, ಲೋಡ್ ಎಷ್ಟು ಎಲ್ಲ ಅದರಲ್ಲಿದೆ. ಅಳಿಸಿಬಿಟ್ಟರೆ ಶೋರೂಮಿನವರಿಗೆ ಹುಡುಕಲು ಏನೂ ಉಳಿಯುವುದಿಲ್ಲ. ಆಮೇಲೆ ಆ ಸಿಲಿಂಡರಿನ ಕಾಯಿಲನ್ನು (ಸ್ಪಾರ್ಕ್ ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಭಾಗ) ಇನ್ನೊಂದಕ್ಕೆ ಅದಲುಬದಲು ಮಾಡಿ ಓಡಿಸಿ ನೋಡುವುದು. ಕೋಡ್ ಕಾಯಿಲಿನ ಹಿಂದೆ ಹೋದರೆ ಕಾಯಿಲ್ ಕೆಟ್ಟಿದೆ. ಹೋಗದಿದ್ದರೆ ಪ್ಲಗ್, ಅದೂ ಅಲ್ಲದಿದ್ದರೆ ಇಂಜೆಕ್ಟರ್, ಕಂಪ್ರೆಷನ್.

ಹೋಂಡಾ ಒಡಿಸ್ಸಿ ಮಿನಿವ್ಯಾನಿನ 3.5 ಲೀಟರ್ ವಿ6 ಎಂಜಿನ್ನಿನಲ್ಲಿ ಪ್ಲಗ್ ಓದುವುದು, ಅಂದರೆ ತೆಗೆದ ಪ್ಲಗ್‌ಗಳ ಬಣ್ಣ, ಒದ್ದೆ ನೋಡುವುದು, ವಿಶೇಷವಾಗಿ ಉಪಯೋಗಕ್ಕೆ ಬರುತ್ತದೆ. ಹಗುರವಾಗಿ ಓಡುವಾಗ ಕೆಲವು ಸಿಲಿಂಡರ್‌ಗಳನ್ನು ಮಲಗಿಸುವ ವ್ಯವಸ್ಥೆ ಅದರಲ್ಲಿದೆ. ಮೂರು ಸಿಲಿಂಡರಿನಲ್ಲಿ ಓಡುವಾಗ ಮಲಗುವುದು ಹಿಂದಿನ ಸಾಲಿನ, ಅಂದರೆ ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಯ ಕಡೆಯ 1, 2, 3. ಹಳೆಯ ಗಾಡಿಗಳಲ್ಲಿ ಮಲಗಿದ ಸಿಲಿಂಡರಿಗೆ ಎಣ್ಣೆ ಜಿನುಗಿ ಪ್ಲಗ್ ಕಪ್ಪಾಗಿ ಒದ್ದೆಯಾಗುವುದು ಗೊತ್ತಿರುವ ಸಂಗತಿ. ಎಲ್ಲ ಪ್ಲಗ್‌ಗಳನ್ನು ತೆಗೆದು ಸಿಲಿಂಡರ್ ಕ್ರಮದಲ್ಲೇ ಜೋಡಿಸಿ ಫೋಟೋ ತೆಗೆದರೆ ಹಿಂದಿನ ಸಾಲು ಒದ್ದೆ, ಮುಂದಿನ ಸಾಲು ಒಣಗಿದ್ದು ಒಂದೇ ನೋಟಕ್ಕೆ ತಿಳಿಯುತ್ತದೆ. ಹೊಸ ಪ್ಲಗ್ ಕೂರಿಸುವಾಗ ಎಂಜಿನ್ ತಣ್ಣಗಿರಬೇಕು, ಕೈಯಿಂದಲೇ ದಾರ ಹಿಡಿಸಬೇಕು, 18 ನ್ಯೂಟನ್ ಮೀಟರಿಗೆ ಬಿಗಿಯಬೇಕು. ಎಣ್ಣೆ ಎಷ್ಟು ಕುಡಿಯುತ್ತದೆ ಎನ್ನುವುದಕ್ಕೂ ಲೆಕ್ಕ ಬೇಕು: ಸಮತಟ್ಟಾದ ಒಂದೇ ಜಾಗ, ಎಂಜಿನ್ ಆರಿಸಿ ಪ್ರತಿಸಲ ಅಷ್ಟೇ ಹೊತ್ತು ಕಾದು ನೋಡಿದ ಡಿಪ್‌ಸ್ಟಿಕ್, ಓಡೋಮೀಟರ್ ಅಂಕಿ, ಸೇರಿಸಿದ ಮಿಲಿಲೀಟರ್. ಶೋರೂಮಿನವರು ತಮ್ಮದೇ ಪರೀಕ್ಷೆ ಮಾಡಿಯೇ ಮಾಡುತ್ತಾರೆ, ಆದರೆ ಅದನ್ನು ಶುರುಮಾಡಿಸಲು ಈ ಹಾಳೆ ಸಾಕು.

ಕ್ರೈಸ್ಲರ್ ಮತ್ತು ಡಾಡ್ಜ್ ವ್ಯಾನುಗಳ 3.6 ಲೀಟರ್ ಪೆಂಟಾಸ್ಟಾರ್ ಎಂಜಿನ್ನಿನಲ್ಲಿ ನಾನು ಎಲ್ಲರಿಗೂ ಒತ್ತಿ ಹೇಳುವ ಮಾತೊಂದಿದೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವಲ್ಲಿ ಎಣ್ಣೆ ತೊಟ್ಟಿಕ್ಕಿದರೆ ರಿಯರ್ ಮೇನ್ ಸೀಲ್ (ಕ್ರ್ಯಾಂಕ್‌ಶಾಫ್ಟಿನ ಹಿಂದಿನ ತುದಿಯ ಎಣ್ಣೆ ಸೀಲ್) ಹೋಗಿದೆ ಎಂಬ ತೀರ್ಮಾನಕ್ಕೆ ಒಪ್ಪಬೇಡಿ. ಆ ಕೆಲಸಕ್ಕೆ ಗೇರ್‌ಬಾಕ್ಸ್ ಇಳಿಸಬೇಕು. ಈ ಎಂಜಿನ್ನಿನ ಎಣ್ಣೆ ಫಿಲ್ಟರ್ ಹೌಸಿಂಗ್ ಪ್ಲಾಸ್ಟಿಕ್ಕಿನದು. ಎಣ್ಣೆ ಕೂಲರಿನ ಜೊತೆ ಎರಡು ಸಿಲಿಂಡರ್ ಸಾಲುಗಳ ನಡುವಿನ ಕಣಿವೆಯಲ್ಲಿ ಕೂತಿದೆ. ಅದು ಬಿರುಕುಬಿಟ್ಟರೆ ಅಥವಾ ಸೀಲ್ ಗಟ್ಟಿಯಾದರೆ ಎಣ್ಣೆ ಮೊದಲು ಕಣಿವೆಯಲ್ಲಿ ತುಂಬಿ, ಆಮೇಲೆ ಗೇರ್‌ಬಾಕ್ಸಿನ ಕಡೆಯಿಂದ ಕೆಳಗೆ ಹರಿಯುತ್ತದೆ. ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ ಟಾರ್ಚು ಅಥವಾ ಬೋರ್‌ಸ್ಕೋಪ್ ಬಿಟ್ಟು ನೋಡಿದರೆ ನಿಂತ ಎಣ್ಣೆ ಕಾಣುತ್ತದೆ. ಕೂಲಂಟ್ ಕೂಡ ಅಲ್ಲೇ ಸೋರಬಹುದು. ಹೊರಗೆಲ್ಲೂ ಒದ್ದೆಯಿಲ್ಲದೆ ಕೂಲಂಟ್ ಇಳಿಯುತ್ತಿದ್ದರೆ ಇದನ್ನೇ ಮೊದಲು ನೋಡಿ. ಹೌಸಿಂಗ್ ಬದಲಿಸುವಾಗ ಮೇಲಿನ, ಕೆಳಗಿನ ಎರಡೂ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಹೊಸದಾಗಿರಲಿ, ತೆರೆದ ಪೋರ್ಟುಗಳಿಗೆ ಬಟ್ಟೆ ತುರುಕಿರಲಿ. ಕಣಿವೆಯ ಎಣ್ಣೆಯನ್ನು ಪೂರ್ತಿ ಹೀರಿ ತೊಳೆಯದಿದ್ದರೆ ರಿಪೇರಿ ಆದ ಮೇಲೂ ಬಹಳ ದಿನ ತೊಟ್ಟಿಕ್ಕುತ್ತದೆ, ಮತ್ತೆ ಸೀಲಿನ ಮೇಲೆ ಅನುಮಾನ ಬರುತ್ತದೆ. ಫಿಲ್ಟರ್ ಮುಚ್ಚಳಕ್ಕೆ 25 ನ್ಯೂಟನ್ ಮೀಟರ್ ಸಾಕು. ಅದಕ್ಕಿಂತ ಬಿಗಿಯುವ ಅವಸರದ ಸರ್ವಿಸ್ಸೇ ಪ್ಲಾಸ್ಟಿಕ್ಕನ್ನು ಸೀಳುವುದು.

ಹಗುರವಾಗಿ ಆಕ್ಸಿಲರೇಟರ್ ಒತ್ತಿ ಸ್ಥಿರವೇಗದಲ್ಲಿ ಹೋಗುವಾಗ ಗಾಡಿ ನಡುಗಿದರೆ ಆ ವೇಗದಲ್ಲೇ ಎಡಗಾಲಿನಿಂದ ಬ್ರೇಕ್ ಪೆಡಲನ್ನು ಬ್ರೇಕ್ ದೀಪ ಹತ್ತುವಷ್ಟೇ ಮುಟ್ಟಿ ನೋಡಿ, ಖಾಲಿ ರಸ್ತೆಯಲ್ಲಿ. ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನ ಲಾಕಪ್ (ಎರಡನ್ನೂ ನೇರವಾಗಿ ಬಿಗಿಯುವ ಕ್ಲಚ್) ಬಿಡುತ್ತದೆ. ನಡುಕ ತಕ್ಷಣ ನಿಂತರೆ ತೊಂದರೆ ಅಲ್ಲಿದೆ, ನಿಲ್ಲದಿದ್ದರೆ ಮಿಸ್‌ಫೈರ್, ಮೌಂಟ್, ಟೈರ್ ನೋಡಬೇಕು. ಮೊದಲ ಚಿಕಿತ್ಸೆ ಗೇರ್ ಎಣ್ಣೆ ಬದಲಾವಣೆ. ಡ್ರೇನ್ ಬೋಲ್ಟಿನಿಂದ ಇಳಿಯುವುದು ಒಟ್ಟು ಎಣ್ಣೆಯ ಅರ್ಧಕ್ಕೂ ಕಡಿಮೆ, ಹಾಗಾಗಿ ನಡುವೆ ಓಡಿಸುತ್ತ ಮೂರು ಸಲ ಬದಲಿಸುತ್ತೇನೆ. ಇಳಿದಷ್ಟನ್ನು ಅಳೆದು ಅಷ್ಟನ್ನೇ ಹಾಕಬೇಕು. ಕಂಪನಿ ಹೇಳಿದ ಎಣ್ಣೆಯೇ ಆಗಬೇಕು: ಐದು, ಆರು ಗೇರಿನ ಹೋಂಡಾಗಳಿಗೆ ಡಿಡಬ್ಲ್ಯು-1, ಟೊಯೋಟಾಗೆ ಡಬ್ಲ್ಯುಎಸ್, ಆರು ಗೇರಿನ ಕ್ರೈಸ್ಲರಿಗೆ ಎಟಿಎಫ್ ಪ್ಲಸ್ 4. ಹೊಸ ಗೇರ್‌ಬಾಕ್ಸ್‌ಗಳಿಗೆ ಬೇರೆ ಎಣ್ಣೆ ಇರಬಹುದು, ಕೈಪಿಡಿ ನೋಡದೆ ಕೊಳ್ಳಬೇಡಿ.

ಹಿಂದಿನ ಎಸಿ ಬಗ್ಗೆ ಒಂದೇ ಮಾತು. ಗಾಡಿಯ ಅಡಿಯಲ್ಲಿ ಹಿಂದಕ್ಕೆ ಹೋಗುವ ಅಲ್ಯೂಮಿನಿಯಂ ಕೊಳವೆ ಹಿಡಿಕೆಗಳ ಹತ್ತಿರ ಸವೆದು ತೂತಾಗುತ್ತದೆ. ಎರಡು ಇವ್ಯಾಪೊರೇಟರ್ (ಗಾಳಿ ತಣಿಸುವ ಭಾಗ) ಇರುವ ವ್ಯವಸ್ಥೆಗೆ ಒತ್ತಡ ನೋಡಿ ಗ್ಯಾಸ್ ತುಂಬುವುದು ತಪ್ಪು, ಸ್ಟಿಕ್ಕರಿನಲ್ಲಿರುವ ತೂಕಕ್ಕೆ ತುಂಬಬೇಕು. ಹಳೆಯ ಗ್ಯಾಸ್ ಎಷ್ಟು ಗ್ರಾಂ ಹೊರಬಂತು, ಹೊಸದು ಎಷ್ಟು ಗ್ರಾಂ ಹೋಯಿತು ಎಂಬ ಎರಡು ಅಂಕಿಗಳನ್ನು ಬಿಲ್ಲಿನಲ್ಲಿ ಬರೆಸಿ. ಮೊದಲನೆಯದು ಸ್ಟಿಕ್ಕರಿಗಿಂತ ಬಹಳ ಕಡಿಮೆಯಿದ್ದರೆ ಸೋರಿಕೆ ಇದೆ, ಬರೀ ತುಂಬಿಸಿ ಕಳಿಸುವುದು ರಿಪೇರಿಯಲ್ಲ.

ಗಾಡಿ ಬಿಡುವಾಗ ನಾನು ಬರೆಸುವ ಸಾಲು ಹೀಗಿರುತ್ತದೆ: "ಬಲ ಸ್ಲೈಡಿಂಗ್ ಬಾಗಿಲು ಮುಚ್ಚುವಾಗ ಕೊನೆಯ ಒಂದು ಗೇಣಿನಲ್ಲಿ ಪ್ರತಿಸಲ ವಾಪಸಾಗುತ್ತದೆ. ಬ್ಯಾಟರಿ 12.5. ಮೇನ್ ಸ್ವಿಚ್ ಆಫ್ ಇದ್ದಾಗ ಕೈಗೆ ಹಗುರ. ಎಡ ಬಾಗಿಲು ಸರಿಯಿದೆ." ಲಕ್ಷಣ ಅಪರೂಪಕ್ಕೆ ಬರುವಂಥದ್ದಾದರೆ ವಿಡಿಯೋ ಕೊಡುತ್ತೇನೆ, ಮೆಕ್ಯಾನಿಕ್ ಜೊತೆ ಕೂತು ಒಂದು ಸುತ್ತು ಓಡಿಸಲು ಕೇಳುತ್ತೇನೆ. ಪತ್ತೆಗೆ ಎಷ್ಟು ಹಣ, ಅದು ರಿಪೇರಿ ಬಿಲ್ಲಿನಲ್ಲಿ ಕಳೆಯುತ್ತದೆಯೇ, ಒಪ್ಪಿಗೆಯಿಲ್ಲದೆ ಎಷ್ಟರವರೆಗೆ ಕೆಲಸ ಮಾಡಬಹುದು, ಮೂರಕ್ಕೂ ಉತ್ತರ ಸಹಿಗೆ ಮುಂಚೆ ಸಿಗಬೇಕು. ಹಳೆಯ ಭಾಗ ವಾಪಸು ಬೇಕೆಂದು ಆಗಲೇ ಬರೆಸಬೇಕು, ಆಮೇಲೆ ಕೇಳಿದರೆ ಅದು ಕಸಕ್ಕೆ ಹೋಗಿರುತ್ತದೆ. "ತೊಂದರೆ ಕಾಣಲಿಲ್ಲ" ಎಂದು ವಾಪಸು ಕೊಟ್ಟರೂ ದೂರು, ದಿನಾಂಕ, ಓಡೋಮೀಟರ್ ಇರುವ ಪ್ರತಿ ಪಡೆಯದೆ ಬರಬೇಡಿ. ವಾರಂಟಿ ಮುಗಿದ ಮೇಲೆ ಅದೇ ತೊಂದರೆ ಬಂದರೆ, ಅದು ವಾರಂಟಿಯೊಳಗೇ ಶುರುವಾಗಿತ್ತು ಎನ್ನುವುದಕ್ಕೆ ಆ ಕಾಗದವೇ ಸಾಕ್ಷಿ.

ಗಾಡಿ ತಂದ ಮೇಲೆ ಬಿಲ್ಲಿನ ಪಾರ್ಟ್ ನಂಬರನ್ನು ಹಳೆಯ ಭಾಗದ್ದಕ್ಕೆ ಹೋಲಿಸುತ್ತೇನೆ. ಚಕ್ರ ತೆಗೆದಿದ್ದರೆ 80ರಿಂದ 100 ಕಿಲೋಮೀಟರ್ ಆದ ಮೇಲೆ ನಟ್ಟುಗಳಿಗೆ ಟಾರ್ಕ್ ರೆಂಚ್ ಹಾಕುತ್ತೇನೆ. ಎಂಜಿನ್ ಕೆಲಸವಾಗಿದ್ದರೆ ಮೊದಲು ತೊಂದರೆ ಬಂದ ಅದೇ ವೇಗ, ಅದೇ ಬಿಸಿಯಲ್ಲಿ ಓಡಿಸಿ ಪೆಂಡಿಂಗ್ ಕೋಡ್ (ಇನ್ನೂ ಖಚಿತವಾಗದ ದೋಷದ ಕೋಡ್) ನೋಡುತ್ತೇನೆ, ದೀಪ ಹತ್ತುವ ಮುಂಚೆಯೇ ಅದು ಅಲ್ಲಿ ಕಾಣಿಸುತ್ತದೆ. ಮತ್ತೆ ಹೋಗಬೇಕಾಗಿ ಬಂದರೆ ಹಳೆಯ ಜಾಬ್ ಕಾರ್ಡ್ ನಂಬರ್ ಹೇಳಿ "ಅದೇ ದೂರು, ಮರಳಿ ಬಂದಿದೆ" ಎಂದೇ ಬರೆಸಬೇಕು. ಹೊಸ ದೂರು ಎಂದು ದಾಖಲಾದರೆ ಪತ್ತೆಯ ಹಣ ಎರಡನೇ ಸಲ ಬೀಳುತ್ತದೆ.