ಸೆಕೆ ನಮಗೇನು ಹೊಸತಾ ಎನ್ನುವವರಿಗೆ: ಗಲ್ಫಿನ ಮೊದಲ ಬೇಸಗೆ ಕಳೆಯುವುದು ಹೇಗೆ?

ಕಳೆದ ವಾರ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ತಂಗಿ ಮನೆಗೆ ಹೋಗಿದ್ದೆ. ಅಳಿಯನಿಗೆ ದುಬೈ ವೀಸಾ ಬಂದಿದೆ, ಕಟ್ಟಡ ಕೆಲಸದ ಮೇಲ್ವಿಚಾರಣೆ, ಜೂನ್ ಮೊದಲ ವಾರ ಹೊರಡಬೇಕು. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ತೆಂಗಿನೆಣ್ಣೆ ಎಲ್ಲ ಪೆಟ್ಟಿಗೆ ಸೇರಿ ಆಗಿತ್ತು. "ಅಲ್ಲಿನ ಬಿಸಿಲಿಗೆ ಏನು ತಯಾರಿ ಮಾಡಿದ್ದೀ?" ಎಂದು ಕೇಳಿದೆ. "ಸೆಕೆ ನಮಗೇನು ಹೊಸತಾ ಮಾವ? ಮಾರ್ಚಿನ ಬಿಸಿಲಿಗೆ ಅಂಗಳದಲ್ಲಿ ಅಡಕೆ ಹರಗಿದವರಲ್ವಾ ನಾವು?" ಎಂದ.

ಹದಿನೆಂಟು ವರ್ಷದ ಹಿಂದೆ ಇದೇ ಮಾತು ಹೇಳಿ ನಾನೂ ಮಂಗಳೂರಿನಲ್ಲಿ ವಿಮಾನ ಹತ್ತಿದ್ದೆ. ಕೆಲಸಕ್ಕೆ ಸೇರಿದ ನಾಲ್ಕನೇ ದಿನ ಸಂಜೆ ಮೀನಖಂಡ ಹಿಡಿದುಕೊಂಡು ನೆಲಕ್ಕೆ ಕೂತವನಿಗೆ ಏಳಲಾಗಲಿಲ್ಲ. ಹಾಗಾಗಿ ಈ ಲೇಖನ ಅಳಿಯನಿಗೆ. ಕುಂಬಳೆ, ಉಪ್ಪಳ, ಪೆರ್ಲ, ಮುಳ್ಳೇರಿಯದಿಂದ ಈ ವರ್ಷ ಹೊರಟಿರುವ ಉಳಿದವರೂ ಓದಬಹುದು.

ಮೊದಲು, ಯಾವ ಸೆಕೆ ಎಂದು ತಿಳಿದುಕೊಳ್ಳಿ

ಬೆವರು ಬಂದ ಮಾತ್ರಕ್ಕೆ ಮೈ ತಣಿಯುವುದಿಲ್ಲ, ಆ ಬೆವರು ಆರಬೇಕು. ಗಾಳಿಯಲ್ಲಿ ಆಗಲೇ ನೀರು ತುಂಬಿದ್ದರೆ ಅದು ಆರುವುದಿಲ್ಲ, ಸುಮ್ಮನೆ ಇಳಿಯುತ್ತದೆ. ಏಪ್ರಿಲ್‌ನಲ್ಲಿ ನಮಗೆ ಆಗುವ ಕಷ್ಟ ಇದೇ, ಆದರೆ ನಮ್ಮಲ್ಲಿ ಉಷ್ಣತೆ 34–35 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ದುಬೈ, ದೋಹಾ, ದಮ್ಮಾಮ್‌ನಂಥ ಕಡಲತಡಿಯ ಊರುಗಳಲ್ಲಿ ಇದೇ ತೇವಕ್ಕೆ 42–45 ಡಿಗ್ರಿ ಸೇರಿಕೊಳ್ಳುತ್ತದೆ. ಅಲ್ಲಿನ ಕಡಲು ಆಳವಿಲ್ಲದ್ದು, ಆಗಸ್ಟ್‌ನಲ್ಲಿ ನೀರೇ 33 ಡಿಗ್ರಿ ದಾಟುತ್ತದೆ. ಕಡಲ ಗಾಳಿ ಬೀಸಿದರೂ ತಂಪಿಲ್ಲ, ರಾತ್ರಿ ಹತ್ತು ಗಂಟೆಗೆ ಹೊರಗೆ ಕಾಲಿಟ್ಟರೆ ಕನ್ನಡಕದ ಮೇಲೆ ಮಂಜು ಕೂರುತ್ತದೆ.

ಗಾಳಿಯಲ್ಲಿನ ತೇವ ಹನಿಯಾಗತೊಡಗುವ ಉಷ್ಣತೆಗೆ ಇಬ್ಬನಿ ಬಿಂದು ಎನ್ನುತ್ತಾರೆ. ನಮ್ಮ ಕರಾವಳಿಯ ಏಪ್ರಿಲ್‌ನಲ್ಲಿ ಅದು 25ರ ಹತ್ತಿರ. ಸೌದಿಯ ಧಹ್ರಾನ್‌ನಲ್ಲಿ 2003ರ ಜುಲೈ 8ರಂದು 35 ದಾಖಲಾಗಿತ್ತು. ಮೈಯ ಚರ್ಮವೇ ಹೆಚ್ಚುಕಡಿಮೆ 35 ಡಿಗ್ರಿ ಇರುವುದು. ಅಂಥ ಗಾಳಿಯಲ್ಲಿ ಬೆವರಿಗೆ ಆರಲು ಜಾಗವೇ ಇಲ್ಲ.

ಒಳನಾಡಿನ ರಿಯಾದ್, ಅಲ್ ಐನ್ ಕಡೆಯ ಬಿಸಿಲು ಬೇರೆ ಜಾತಿಯದು. ಬೆವರು ಕಣ್ಣಿಗೆ ಬೀಳುವ ಮೊದಲೇ ಆರಿಹೋಗುತ್ತದೆ. ಅಂಗಿ ಒಣಗಿಯೇ ಇರುತ್ತದೆ, ಬೆನ್ನ ಮೇಲೆ ಮಾತ್ರ ಉಪ್ಪಿನ ಬಿಳಿ ಗೆರೆಗಳು, ಭೂಪಟದಲ್ಲಿ ಹೊಳೆ ಬರೆದ ಹಾಗೆ. "ನನಗೆ ಬೆವರೇ ಬರುವುದಿಲ್ಲ" ಎಂದು ಹೆಮ್ಮೆಪಡುವವರು ಒಮ್ಮೆ ಅಂಗಿ ಕಳಚಿ ಬೆನ್ನಿನ ಬದಿ ನೋಡಬೇಕು. ಕುವೈತ್‌ನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ಮುಟ್ಟಿದ್ದು ಇಂಥ ಒಣ ಬಿಸಿಲೇ.

ಹೊರಡುವ ಮೊದಲು

ಸಾಧ್ಯವಿದ್ದರೆ ಮಾರ್ಚ್‌ನಲ್ಲೋ ಅಕ್ಟೋಬರ್‌ನಲ್ಲೋ ಸೇರಿಕೊಳ್ಳಿ ಎನ್ನಬಹುದು, ಆದರೆ ವೀಸಾ ನಮ್ಮ ಮಾತು ಕೇಳುವುದಿಲ್ಲ. ಒಆರ್‌ಎಸ್ ಪೊಟ್ಟಣ ಇಪ್ಪತ್ತು, ಹತ್ತಿಯ ಉದ್ದ ತೋಳಿನ ಅಂಗಿ, ಎರಡು ತೆಳು ಬೈರಾಸು (ಟವಲ್) ಇಟ್ಟುಕೊಳ್ಳಿ. ಬಿಪಿ ಮಾತ್ರೆ, ಅದರಲ್ಲೂ ಮೂತ್ರ ಹೆಚ್ಚಿಸುವ ಮಾತ್ರೆ ತಿನ್ನುವವರು ನಿಮ್ಮ ಡಾಕ್ಟರಲ್ಲಿ "ಮರಳುಗಾಡಿಗೆ ಹೋಗುತ್ತಿದ್ದೇನೆ" ಎಂದು ಹೇಳಿ ಪ್ರಮಾಣ ವಿಚಾರಿಸಿ. ನೋವಿನ ಮಾತ್ರೆಗಳಲ್ಲಿ ಕೆಲವಕ್ಕೆ ಅಲ್ಲಿ ನಿರ್ಬಂಧವಿದೆ, ಡಾಕ್ಟರ ಚೀಟಿ ಇಲ್ಲದೆ ಒಯ್ಯಬೇಡಿ. ನಾವು ಕೇರಳದವರಾದ್ದರಿಂದ ನೋರ್ಕಾದ, ಅಂದರೆ ಹೊರಗೆ ದುಡಿಯುವ ಕೇರಳದವರಿಗಾಗಿ ಇರುವ ಸರಕಾರಿ ಇಲಾಖೆಯ, ಪ್ರವಾಸಿ ಗುರುತುಚೀಟಿ ಮಾಡಿಸಿಕೊಳ್ಳಬಹುದು, ಅದರ ಜತೆ ಅಪಘಾತ ವಿಮೆಯೂ ಬರುತ್ತದೆ.

ಮೊದಲ ವಾರ: ಇಲ್ಲಿ ಅವಸರ ಬೇಡವೇ ಬೇಡ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ಕೆಲಸದ ಜಾಗದಲ್ಲಿ ಬಿಸಿಲಿನಿಂದಾಗುವ ಸಾವುಗಳಲ್ಲಿ ಹತ್ತರಲ್ಲಿ ಏಳಕ್ಕಿಂತ ಹೆಚ್ಚು ಕೆಲಸದ ಮೊದಲ ವಾರದಲ್ಲೇ ಆಗುತ್ತವೆ ಎಂದು ಅಮೆರಿಕದ ಕಾರ್ಮಿಕ ಸುರಕ್ಷಾ ಇಲಾಖೆ ಲೆಕ್ಕ ಹಾಕಿದೆ. ಮುದುಕರು, ರೋಗಿಗಳು ಮಾತ್ರ ಎಂದುಕೊಳ್ಳಬೇಡಿ. ಮೈಗೆ ಇನ್ನೂ ಅಭ್ಯಾಸವಾಗಿರುವುದಿಲ್ಲ, ಅಷ್ಟೇ.

ಮೈ ಬಿಸಿಲಿಗೆ ಒಗ್ಗಲು ಏಳರಿಂದ ಹದಿನಾಲ್ಕು ದಿನ ಬೇಕು. ಅಷ್ಟರಲ್ಲಿ ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ, ಎದೆಬಡಿತ ಹದಕ್ಕೆ ಬರುತ್ತದೆ. ಈ ರಿಪೇರಿಗೆ ಸಮಯ ಕೊಡಬೇಕು. ಲೆಕ್ಕ ಸುಲಭ: ಮೊದಲ ದಿನ ಬಿಸಿಲಿನಲ್ಲಿ ಮಾಡಬೇಕಾದ ಕೆಲಸದ ಐದನೇ ಒಂದು ಪಾಲು ಮಾತ್ರ. ಮರುದಿನ ಇನ್ನೊಂದು ಪಾಲು. ಹೀಗೆ ಐದನೇ ದಿನಕ್ಕೆ ಪೂರ್ತಿ.

"ಹೊಸಬ ಸೋಮಾರಿ ಎನ್ನುತ್ತಾರೆ ಮಾವ" ಎಂದ ಅಳಿಯ. ಎನ್ನಲಿ. ನೀನು ಮೇಲ್ವಿಚಾರಕ, ನಿನ್ನ ಕೈಕೆಳಗೆ ಬರುವ ಹೊಸಬರಿಗೂ ಇದೇ ಲೆಕ್ಕ ಕೊಡು ಎಂದೆ.

ಹಳಬರು ತಪ್ಪುವುದು ಬೇರೆ ಜಾಗದಲ್ಲಿ. ಜುಲೈಯಲ್ಲಿ ಊರಿಗೆ ಬಂದು ಒಂದು ತಿಂಗಳು ಆಟಿಯ ಮಳೆಯಲ್ಲಿ ಪತ್ರೊಡೆ ತಿಂದು ಹೋದರೆ ಮೈ ಆ ಅಭ್ಯಾಸವನ್ನು ಮರೆತುಬಿಟ್ಟಿರುತ್ತದೆ. ಹತ್ತು ವರ್ಷದ ಅನುಭವಿಯೂ ಆಗಸ್ಟ್‌ನಲ್ಲಿ ಮರಳಿದ ಮೇಲೆ ಮೊದಲ ದಿನ ಅರ್ಧ ಕೆಲಸದಿಂದಲೇ ಶುರು ಮಾಡಬೇಕು.

ನೀರು, ಮತ್ತು ನೀರಿಗಿಂತ ಮೊದಲು ಉಪ್ಪು

ಆ ನಾಲ್ಕನೇ ದಿನ ನಾನು ನೀರು ಕುಡಿಯದೆ ಬಿದ್ದವನಲ್ಲ. ಐದಾರು ಲೀಟರ್ ಕುಡಿದಿದ್ದೆ, ಬರೀ ನೀರು. ರೂಮಿನಲ್ಲಿದ್ದ ಮಲಪ್ಪುರಂನ ಇಕ್ಕ (ಅಣ್ಣ) ನನ್ನ ಅಂಗಿಯ ಬೆನ್ನನ್ನು ಉಗುರಿನಿಂದ ಗೀರಿ, ಬಿಳಿ ಪುಡಿಯನ್ನು ಬೆರಳಿಗೆ ಹಚ್ಚಿ ತೋರಿಸಿದರು. "ಹೋದದ್ದು ಇದು, ನೀನು ಕುಡಿದದ್ದು ಪಚ್ಚವೆಳ್ಳ, ಬರೀ ನೀರು!" ಲಬನ್ ಎಂದು ಅಲ್ಲಿ ಮಜ್ಜಿಗೆ ಬಾಟಲಿಯಲ್ಲಿ ಸಿಗುತ್ತದೆ. ಅದಕ್ಕೆ ಉಪ್ಪು ಹಾಕಿ ಕುಲುಕಿ ಎರಡು ಲೋಟ ಕುಡಿಸಿದರು. ಅರ್ಧ ಗಂಟೆಯಲ್ಲಿ ಕಾಲು ಬಿಟ್ಟುಕೊಂಡಿತು.

ಕ್ರಮ ಇಷ್ಟು. ಬಾಯಾರಲಿ ಬಿಡಲಿ, ಬಿಸಿಲಿನಲ್ಲಿರುವಾಗ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ ಕಾಲು ಲೀಟರ್. ಗಂಟೆಗೆ ಒಂದೂವರೆ ಲೀಟರ್ ದಾಟಬಾರದು. ಒಮ್ಮೆಗೇ ಸುರಿದುಕೊಂಡರೆ ರಕ್ತದ ಉಪ್ಪು ತೆಳುವಾಗಿ ತಲೆಸುತ್ತು, ವಾಂತಿ ಬರುತ್ತದೆ. ದಿನಕ್ಕೆ ಒಂದೆರಡು ಪೊಟ್ಟಣ ಒಆರ್‌ಎಸ್, ಒಂದು ಪೊಟ್ಟಣಕ್ಕೆ ಪೂರ್ತಿ ಒಂದು ಲೀಟರ್ ನೀರು. ಲೋಟಕ್ಕೆ ಸ್ವಲ್ಪ ಸ್ವಲ್ಪ ಪುಡಿ ಉದುರಿಸಿ ಕುಡಿಯುವುದು ತಪ್ಪು. ಪೊಟ್ಟಣ ಮುಗಿದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಚಮಚದ ಬಾಯಿಗೆ ಸಮ ಇರಲಿ. ಬೆಳಿಗ್ಗೆ ನಮ್ಮ ಗಂಜಿ, ತಿಳಿ ಸಮೇತ, ಮಿಡಿ ಉಪ್ಪಿನಕಾಯಿ ಜತೆ. ಇದಕ್ಕಿಂತ ಒಳ್ಳೆಯ ತಿಂಡಿ ಮರಳುಗಾಡಿಗೆ ನನಗೆ ಗೊತ್ತಿಲ್ಲ. ಎನರ್ಜಿ ಡ್ರಿಂಕ್‌ನ ಡಬ್ಬಿಗಳಿಂದ ದೂರವಿರಿ. ಬಿಪಿ, ಕಿಡ್ನಿ ತೊಂದರೆ ಇದ್ದವರು ಉಪ್ಪಿನ ಲೆಕ್ಕವನ್ನು ಡಾಕ್ಟರಲ್ಲಿ ಕೇಳಿಯೇ ನಿರ್ಧರಿಸಿ.

ಪರೀಕ್ಷೆ ಬಚ್ಚಲಲ್ಲಿದೆ. ಮೂತ್ರ ತಿಳಿಹಳದಿ ಇದ್ದರೆ ಸರಿ, ಕಡು ಚಹಾದ ಬಣ್ಣಕ್ಕೆ ಹೋದರೆ ಆ ದಿನ ಬಿಸಿಲಿಗೆ ಇಳಿಯಬೇಡಿ. ಗಲ್ಫಿನಿಂದ ಮರಳುವವರ ಜತೆ ಕಿಡ್ನಿಯ ಕಲ್ಲೂ ಬರುವುದು ಸುಮ್ಮನೆ ಅಲ್ಲ.

ಮಧ್ಯಾಹ್ನದ ಬಿಡುವು ನಿಮ್ಮ ಹಕ್ಕು

ಹೊರಗಿನ ಕೆಲಸಕ್ಕೆ ಅಲ್ಲಿ ಕಾನೂನಿನ ಬಿಡುವಿದೆ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3, ತಪ್ಪಿಸಿದ ಕಂಪನಿಗೆ ಆಳಿಗೆ 5,000 ದಿರ್ಹಂನಂತೆ ದಂಡ. ಸೌದಿಯಲ್ಲಿ ಅದೇ ಮೂರು ತಿಂಗಳು, 12ರಿಂದ 3. ಕತಾರ್‌ನಲ್ಲಿ ಜೂನ್ 1ಕ್ಕೇ ಶುರು, ಬೆಳಿಗ್ಗೆ 10ರಿಂದ 3.30. ಕುವೈತ್‌ನಲ್ಲಿ ಜೂನ್‌ನಿಂದ ಆಗಸ್ಟ್, 11ರಿಂದ 4. ಒಮಾನ್‌ನಲ್ಲಿ ಅದೇ ತಿಂಗಳುಗಳು, 12.30ರಿಂದ 3.30.

ಈ ಹೊತ್ತಿನಲ್ಲಿ ನೆರಳಲ್ಲಿ ಮಲಗಿ, ಮೊಬೈಲ್ ಬದಿಗಿಟ್ಟು. ನನ್ನ ಮೊದಲ ಕಂಪನಿಯಲ್ಲಿ ಬಿಡುವಿನ ಹೊತ್ತಿಗೇ ಸಾಮಾನು ಇಳಿಸುವ ಲಾರಿ ಕರೆಸುತ್ತಿದ್ದರು. ಅದು ಕಾನೂನಿಗೆ ವಿರುದ್ಧ ಎಂದು ನನಗೆ ತಿಳಿದದ್ದು ಎರಡನೇ ವರ್ಷ. ಯುಎಇಯಲ್ಲಿ ಇಂಥ ತೊಂದರೆಗೆ ಭಾರತ ಸರಕಾರದ ಪ್ರವಾಸಿ ಭಾರತೀಯ ಸಹಾಯ ಕೇಂದ್ರವಿದೆ, 800 46342ಕ್ಕೆ ಕರೆ ಪುಕ್ಕಟೆ.

ರೂಮಿನ ಒಳಗೆ

ನೀರಿನ ಟಾಂಕಿ ತಾರಸಿಯ ಮೇಲೆ ಬೇಯುತ್ತಿರುತ್ತದೆ. ಹಾಗಾಗಿ ನೀಲಿ ಗುರುತಿನ ನಲ್ಲಿ ತಿರುಗಿಸಿದರೆ ಕೈ ಸುಡುತ್ತದೆ. ಉಪಾಯ ಎಂದರೆ, ಜೂನ್‌ನಲ್ಲಿ ಗೀಸರ್‌ನ ಸ್ವಿಚ್ ಆರಿಸಿ ಅದರ ಮೇಲೆ ಟೇಪ್ ಅಂಟಿಸಿಬಿಡುವುದು. ಗೀಸರ್ ಮನೆಯೊಳಗೆ ಎಸಿಯ ತಂಪಿನಲ್ಲಿರುವುದರಿಂದ ಅದರಲ್ಲಿ ನಿಂತ ನೀರು ರಾತ್ರಿಯೊಳಗೆ ತಣಿಯುತ್ತದೆ. ಬೆಳಿಗ್ಗೆ ಕೆಂಪು ಗುರುತಿನ ನಲ್ಲಿಯಲ್ಲಿ ತಣ್ಣೀರು! ರೂಮಿನಲ್ಲಿ ಆರು ಜನ ಇದ್ದರೆ ಮೊದಲ ಇಬ್ಬರಿಗೆ ಮಾತ್ರ ಈ ಭಾಗ್ಯ, ಆದ್ದರಿಂದ ಸರದಿ ಬರೆದಿಡಿ. ಜಗಳ ಹುಟ್ಟುವ ಜಾಗ ಇದೇ.

ಎಸಿ ಕೆಟ್ಟರೆ ಫ್ಯಾನ್ ಸಾಕು ಎಂದುಕೊಳ್ಳಬೇಡಿ. ಕೋಣೆ 40 ಡಿಗ್ರಿ ದಾಟಿದ ಮೇಲೆ ಫ್ಯಾನ್ ಬಿಸಿಗಾಳಿಯನ್ನೇ ಮೈಗೆ ತಳ್ಳುತ್ತದೆ. ಚಾಪೆ ಸುತ್ತಿಕೊಂಡು ಸ್ನೇಹಿತರ ರೂಮಿಗೆ ಹೋಗಿ.

ನಿಲ್ಲಿಸಿದ ಕಾರಿನೊಳಗೆ ಲೈಟರ್, ಪವರ್‌ಬ್ಯಾಂಕ್, ಸೆಂಟಿನ ಬಾಟಲಿ ಬಿಡಬೇಡಿ. ಮಕ್ಕಳನ್ನಂತೂ ಎರಡು ನಿಮಿಷಕ್ಕೂ ಬಿಡಬಾರದು.

ಜೋಡಿ ಮಾಡಿಕೊಳ್ಳಿ

ಬಿಸಿಲು ತಲೆಗೆ ಏರಿದವನಿಗೆ ತನಗೇನಾಗುತ್ತಿದೆ ಎಂಬುದು ತಿಳಿಯುವುದಿಲ್ಲ, ತಿಳಿಯಬೇಕಾದ ತಲೆಯೇ ಮೊದಲು ಮಂಕಾಗುತ್ತದೆ. ಆದ್ದರಿಂದ ನೋಡಲು ಇನ್ನೊಬ್ಬರ ಕಣ್ಣು ಬೇಕು. ಕೆಲಸದಲ್ಲಿ ಒಬ್ಬ ಜೋಡಿ, ರೂಮಿನಲ್ಲಿ ಒಬ್ಬ ಜೋಡಿ. ಗಂಟೆಗೊಮ್ಮೆ ಏನಾದರೂ ಕೇಳಿ, "ಊಟಕ್ಕೆ ಏನು?" ಎಂದಾದರೂ ಸರಿ. ಉತ್ತರ ತಡವರಿಸಿದರೆ, ಸಿಡುಕಿದರೆ ಅವರನ್ನು ನೆರಳಿಗೆ ಕರೆದೊಯ್ಯಿರಿ.

ನನಗೆ ಹೆಚ್ಚು ಚಿಂತೆ ಫ್ಲ್ಯಾಟ್‌ನಲ್ಲಿರುವವರದು. ಜುಲೈ–ಆಗಸ್ಟ್‌ನಲ್ಲಿ ಶಾಲೆಗೆ ರಜೆ, ಹೆಂಡತಿ ಮಕ್ಕಳು ಊರಿಗೆ. ಗಂಡಸು ಒಬ್ಬನೇ, ಬಾಗಿಲು ಹಾಕಿಕೊಂಡು. ಎರಡು ದಿನ ಕಾಣದಿದ್ದರೂ ಕೇಳುವವರಿಲ್ಲ. ನಮ್ಮ ಕಟ್ಟಡದಲ್ಲಿ ಕಾಸರಗೋಡಿನವರು ಏಳು ಮಂದಿ ಸೇರಿ ವಾಟ್ಸ್ಆ್ಯಪ್‌ನಲ್ಲಿ ಹಾಜರಿ ಇಟ್ಟಿದ್ದೆವು. ರಾತ್ರಿ ಒಂಬತ್ತಕ್ಕೆ ಮುನ್ನ "ಉಂಡೆ" ಎಂದು ಹಾಕಬೇಕು. ಹಾಕದವರ ಬಾಗಿಲು ತೆರೆಯಲು ಪಕ್ಕದವರ ಬಳಿ ಒಂದು ಕೀಲಿ. ಕುವೈತ್ ಕನ್ನಡ ಕೂಟ, ಬಹರೈನ್ ಕನ್ನಡ ಸಂಘದಂಥವು ಬರೀ ರಾಜ್ಯೋತ್ಸವಕ್ಕೆ ಎಂದುಕೊಳ್ಳದೆ ಅಲ್ಲಿಗೆ ಹೋದ ಮೊದಲ ವಾರವೇ ಹೆಸರು ಬರೆಸಿ.

ಅಲ್ಲಿನ ಮನೆಗಳ ಕಾಂಪೌಂಡ್ ಗೋಡೆಗೆ, ಮಸೀದಿಯ ಹೊರಗೆ, ತಣ್ಣೀರಿನ ಕೂಲರ್ ಇಟ್ಟಿರುತ್ತಾರೆ. ಸಬೀಲ್ ಎನ್ನುತ್ತಾರೆ. ನಮ್ಮ ಅರವಟ್ಟಿಗೆಯೇ ಅದು. ಯಾರೂ ಕುಡಿಯಬಹುದು, ಸಂಕೋಚ ಬೇಡ. ನಿಮ್ಮಲ್ಲಿ ಕಾರಿದ್ದರೆ ಹೊರಡುವಾಗ ತಣ್ಣನೆಯ ಬಾಟಲಿ ನಾಲ್ಕು ಇಟ್ಟುಕೊಂಡು ರಸ್ತೆ ಗುಡಿಸುವವರಿಗೆ, ಸಿಗ್ನಲ್‌ನಲ್ಲಿ ನಿಂತ ಡೆಲಿವರಿ ಬೈಕಿನ ಹುಡುಗನಿಗೆ ಕೊಡಿ. ಬಾಟಲಿಗೆ ಅರ್ಧ ನೀರು ತುಂಬಿ ಅಡ್ಡ ಮಲಗಿಸಿ ಫ್ರೀಜರ್‌ನಲ್ಲಿಟ್ಟು, ಬೆಳಿಗ್ಗೆ ಉಳಿದರ್ಧ ತುಂಬಿದರೆ ಮಧ್ಯಾಹ್ನದವರೆಗೆ ತಂಪು ನಿಲ್ಲುತ್ತದೆ.

(ರಜೆ ಸಿಕ್ಕಿದರೆ ಅಲ್ ಐನ್‌ನ ಖರ್ಜೂರದ ತೋಟಕ್ಕೆ ಹೋಗಿ. ನೆಲದಡಿಯಿಂದ ನೀರು ಹರಿದು ಬರುವ ಫಲಜ್ ಎಂಬ ಕಾಲುವೆ ನೋಡಿದರೆ ಬಾಯಾರು, ಪೆರ್ಲ ಕಡೆಯವರಿಗೆ ತಮ್ಮ ಗುಡ್ಡದ ನೀರಿನ ಸುರಂಗ ನೆನಪಾಗುತ್ತದೆ.)

ಯಾರಾದರೂ ಬಿದ್ದರೆ

ಸುಸ್ತು, ಧಾರಾಳ ಬೆವರು, ತಲೆನೋವು, ಮಾತು ಸರಿ ಇದೆ: ನೆರಳು, ಒಆರ್‌ಎಸ್, ವಿಶ್ರಾಂತಿ. ಆದರೆ ಮಾತು ಅಡ್ಡಾದಿಡ್ಡಿ, ಓಲಾಡುವ ನಡಿಗೆ, ಮೈ ಕೆಂಡ, ಫಿಟ್ಸ್ ಅಥವಾ ಪ್ರಜ್ಞೆ ಇಲ್ಲ: ಅದು ಹೀಟ್ ಸ್ಟ್ರೋಕ್. ಬೆವರುತ್ತಿದ್ದಾನೆ, ಹಾಗಾಗಿ ಅದಲ್ಲ ಎಂದು ಬಿಡಬೇಡಿ. ದುಡಿಯುತ್ತಾ ಬಿದ್ದವರಲ್ಲಿ ಬೆವರೂ ಇರುತ್ತದೆ.

ಒಬ್ಬರು ಆಂಬುಲೆನ್ಸ್‌ಗೆ ಕರೆ ಮಾಡಿ. ಯುಎಇ 998, ಸೌದಿ 997, ಕತಾರ್ ಮತ್ತು ಬಹರೈನ್ 999, ಕುವೈತ್ 112, ಒಮಾನ್ 9999. ಇನ್ನೊಬ್ಬರು ಅಷ್ಟರಲ್ಲಿ ಆತನನ್ನು ನೆರಳಿಗೆ ಎಳೆದು, ಬೂಟು, ಹೊರ ಅಂಗಿ ತೆಗೆದು, ಮೈಮೇಲೆ ನೀರು ಸುರಿಯುತ್ತಾ ರಟ್ಟಿನ ತುಂಡಿನಿಂದಾದರೂ ಗಾಳಿ ಹಾಕಿ. ಐಸ್ ಸಿಕ್ಕಿದರೆ ಬೈರಾಸಿನಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಒಂದು ತೊಟ್ಟೂ ನೀರು ಹಾಕಬಾರದು. ಪ್ಯಾರಾಸಿಟಮಾಲ್‌ನಿಂದ ಈ ಬಿಸಿ ಇಳಿಯುವುದಿಲ್ಲ. ಆಂಬುಲೆನ್ಸ್ ಬರುವವರೆಗೆ ನೀರು ಸುರಿಯುವುದನ್ನು ನಿಲ್ಲಿಸಬೇಡಿ.

ಎಲ್ಲಿಯವರೆಗೆ?

ಆಗಸ್ಟ್ 24ರ ಹೊತ್ತಿಗೆ ಬೆಳಗಿನ ಜಾವ ದಕ್ಷಿಣ ದಿಗಂತದಲ್ಲಿ ಸುಹೈಲ್ ನಕ್ಷತ್ರ ಕಾಣತೊಡಗುತ್ತದೆ. ನಾವು ಅಗಸ್ತ್ಯ ಎನ್ನುವ ನಕ್ಷತ್ರವೇ ಅದು. ಸುಹೈಲ್ ಮೂಡಿದರೆ ರಾತ್ರಿ ತಣಿಯಿತು ಎಂದು ಅರಬರ ಗಾದೆ. ಹಗಲು ತಣಿಯಲು ಮತ್ತೂ ಒಂದು ತಿಂಗಳು ಬೇಕು, ಸೆಪ್ಟೆಂಬರ್ ನೋಡಿ ಮೋಸ ಹೋಗಬೇಡಿ. ಅಕ್ಟೋಬರ್ ಕಳೆಯುವ ಹೊತ್ತಿಗೆ ಬಯಲಿನಲ್ಲಿ ಕ್ರಿಕೆಟ್ ಶುರುವಾಗುತ್ತದೆ, ಗೀಸರ್‌ನ ಟೇಪ್ ಕಿತ್ತು ಸ್ವಿಚ್ ಹಾಕುತ್ತಾರೆ.

ಅಳಿಯ ಬೈರಾಸು ಎರಡು ಪೆಟ್ಟಿಗೆಗೆ ಹಾಕಿಕೊಂಡ. ಹೆಲ್ಮೆಟ್ ಅಡಿಗೆ ಕುತ್ತಿಗೆ ಮುಚ್ಚುವ ಬಟ್ಟೆಯನ್ನೂ ತರಿಸಿದ್ದಾನೆ. ತಂಗಿ ತಂದಿಟ್ಟ ಅಡಕೆ ಹಾಳೆಯ ಟೊಪ್ಪಿ, ನಮ್ಮ ಮುಟ್ಟಾಳೆ ಮಾತ್ರ ಬೇಡವಂತೆ.