ಕ್ಯಾನ್ ತೆಪ್ಪ ಕಟ್ಟೋರಿಗೆ ಒಂದು ಲೆಕ್ಕ

ಸೂಳೆಕೆರೆಯಲ್ಲಿ ಗೆಳೆಯರೆಲ್ಲ ತೆಪ್ಪದ ಪಂದ್ಯ ಆಡೋಣ ಅಂತಿದ್ದೀರಲ್ಲ, ದುಡ್ಡು ಜಾಸ್ತಿ ಬೇಡ. 20 ಲೀಟರ್‌ನ ಹಳೇ ಕ್ಯಾನ್, ಬಿದಿರು ಗಳ, ನೈಲಾನ್ ಹಗ್ಗ ಸಾಕು. ಮುಚ್ಚಳ ಭದ್ರವಾಗಿದ್ದರೆ ಒಂದು ಕ್ಯಾನ್ ಹತ್ತಿರ ಹತ್ತಿರ 20 ಕೆಜಿ ತೇಲಿಸುತ್ತದೆ. ಇಬ್ಬರು ಸೇರಿ 140 ಕೆಜಿ, ಗಳ ಹಗ್ಗ 20 ಕೆಜಿ. ಲೆಕ್ಕಕ್ಕೆ 8 ಕ್ಯಾನ್. ಆದರೆ ಅಷ್ಟೇ ಕಟ್ಟಿದರೆ ಕ್ಯಾನ್ ಪೂರ್ತಿ ನೀರೊಳಗೆ ಇಳಿಯುತ್ತದೆ, ತೆಪ್ಪ ಮುಂದೆ ಹೋಗುವುದಿಲ್ಲ. 14 ಹಾಕಿ. ಉದ್ದಕ್ಕೆ ಎರಡು ಸಾಲು ಮಾಡಿ, ನಡುವೆ ಎರಡು ಅಡಿ ಬಿಡಿ. ಆಗ ಸುಲಭಕ್ಕೆ ಮಗುಚುವುದಿಲ್ಲ. ಕೂತೇ ಹುಟ್ಟು ಹಾಕಿ, ನಿಲ್ಲಲೇಬೇಡಿ.

ಮೊದಲೇ ಅನುಮತಿ ಕೇಳಿ. ಅಷ್ಟು ದೊಡ್ಡ ಕೆರೆ, ಗಾಳಿ ಎದ್ದರೆ ಅಲೆ ಜೋರು ಅಲ್ವಾ? ದಡದ ಪಕ್ಕದಲ್ಲೇ ಓಡಿಸಿ. ಈಜು ಬಂದರೂ ಲೈಫ್ ಜಾಕೆಟ್ ಇಲ್ಲದೆ ಯಾರನ್ನೂ ಹತ್ತಿಸಬೇಡಿ.